ನೆರಳನ್ನು ತೊಳೆದ ಸೋಮವಾರ

ಕಪ್ಪಾಗಿದ್ದದ್ದೆಲ್ಲ ಕೊಳೆ ಎಂದು ನಂಬಿಕೊಂಡೇ ಎಪ್ಪತ್ತು ದಾಟಿದವಳು ನಾನು. ದೀಪ, ತಂಬಿಗೆ, ದೇವರ ಹಿತ್ತಾಳೆ ಬಸವಣ್ಣ, ಯಾವುದು ಕಪ್ಪಗೆ ಕಂಡರೂ ಸೋಮವಾರ ಹುಣಸೆಹಣ್ಣು, ಬೂದಿ ಹಚ್ಚಿ ತೆಂಗಿನ ನಾರಿನಲ್ಲಿ ಉಜ್ಜುವುದೇ. ಒಮ್ಮೆ ಬೀಗರ ಮನೆಯ ಪಳಗಿದ ದೋಸೆ ಹೆಂಚನ್ನು ಬೆಳ್ಳಗೆ ಮಾಡಿಕೊಟ್ಟು ಬಂದಿದ್ದೆ. ಆಮೇಲೆ ಅದರ ಮೇಲೆ ದೋಸೆಯೇ ಏಳಲಿಲ್ಲವಂತೆ. ಅವರು ಈಗಲೂ ನನ್ನನ್ನು ಪಡಸಾಲೆಯಲ್ಲೇ ಕೂರಿಸಿ ಉಪಚಾರ ಮಾಡುತ್ತಾರೆ. ನನ್ನ ಓದು ಮೂರನೇ ಇಯತ್ತೆಗೆ ನಿಂತಿತು. ಉಜ್ಜುವುದು ನಿಲ್ಲಲಿಲ್ಲ.

ಮೊಮ್ಮಗಳು ಪವಿತ್ರಾ ಇಲ್ಲೇ ಹಡಗಲಿಯಲ್ಲಿ ಲೆಕ್ಕದ ಟೀಚರು. ಅವಳಿಗೊಂದು ಹುಚ್ಚು: ಮೇಜಿನ ಮೇಲೆ ಹೆಬ್ಬೆರಳುದ್ದದ ಸೈನ್ಯ ನಿಲ್ಲಿಸಿ, ದಾಳ ಉರುಳಿಸಿ ಯುದ್ಧ ಆಡುವುದು. ಸೈನಿಕರಲ್ಲಿ ಎರಡು ಜಾತಿ. ಲೋಹದವರು ಭಾರ, ರೆಸಿನ್ ಎಂಬ ರಾಳದಂಥದ್ದರಲ್ಲಿ ಎರಕ ಹೊಯ್ದವರು ಹಗುರ. ಆನೆಯ ಮೇಲೆ ಕೂತ ದಂಡನಾಯಕ ರಾಳದವನು. ಅವನಿಗೆ ಬಣ್ಣ ಹಚ್ಚಲು ಅವಳು ಎರಡು ತಿಂಗಳು ಕೂತಿದ್ದಳು. ಅವನಿಲ್ಲದೆ ಸೈನ್ಯ ಹೊರಡುವಂತಿಲ್ಲ ಎಂಬುದು ಆಟದ ನಿಯಮ. ಜೊತೆಯ ಟೀಚರು ರೇಣುಕಾಳಿಗೆ ನಾಲ್ಕು ಸಲ ಸೋತಿದ್ದ ಇವಳು, ಬರುವ ಭಾನುವಾರ ಸೇಡು ತೀರಿಸಿಕೊಳ್ಳುವವಳಿದ್ದಳು. ನಡುವೆ ವಾರದ ತರಬೇತಿಗೆಂದು ಹರಪನಹಳ್ಳಿಗೆ ಹೋದಳು.

ಸೋಮವಾರ ನೋಡುತ್ತೇನೆ, ಇಡೀ ಸೈನ್ಯದ ಸಂದಿಗೊಂದಿಯಲ್ಲಿ ಕಪ್ಪು! ಲೋಹದವರು ಉಜ್ಜಿಸಿಕೊಂಡು ಫಳಫಳ ಹೊಳೆದರು. ಆನೆಯ ಸೊಂಡಿಲು ಮಾತ್ರ ಲಟಕ್ಕನೆ ಮುರಿದು ಅಂಗೈಗೆ ಬಂತು.

ನನ್ನ ತವರಿನವರು ಎತ್ತಿನ ಕೊರಳ ಗಂಟೆ ಎರಕ ಹೊಯ್ಯುವವರು. ಅಂಗೈಯಲ್ಲಿದ್ದ ತುಂಡಿನಲ್ಲಿ ಸೊಂಡಿಲಿನ ಒಂದೊಂದು ಸುಕ್ಕೂ ಎಣಿಸುವಂತಿತ್ತು. ಅಷ್ಟು ನಯ ನಮ್ಮಪ್ಪನ ಕೈಗೂ ಬಂದಿರಲಿಲ್ಲ. ಆದರೂ, ಉಜ್ಜಿದರೆ ಮುರಿಯುವುದೂ ಒಂದು ಎರಕವೇ ಎಂದು ಬೈದು, ಆನೆ ಸಮೇತ ದಂಡನಾಯಕನನ್ನು ಲೋಹದಲ್ಲೇ ಮತ್ತೆ ಹುಟ್ಟಿಸುವುದೆಂದು ನಿಶ್ಚಯಿಸಿದೆ. ಸೊಂಡಿಲನ್ನು ಮೇಣದಲ್ಲಿ ಅಂಟಿಸಿ, ಹೊಳೆಯ ಜೇಡಿಮಣ್ಣಿನಲ್ಲಿ ಎರಡು ಹೋಳಿನ ಅಚ್ಚು ತೆಗೆದು ಬಿಸಿಲಿಗಿಟ್ಟೆ.

ಅಚ್ಚು ಒಣಗುವವರೆಗೆ ಕಾಯುವುದಲ್ಲದೆ ಬೇರೆ ಕೆಲಸವಿಲ್ಲ. ಮೇಜಿನ ಪಕ್ಕ ಕೂತೆ. ಹಲಗೆಯ ಗೆರೆಗಳು ಉತ್ತ ಹೊಲದ ಸಾಲಿನಂತೆ ಕಂಡವು. ನಾನೂ ಹೆಬ್ಬೆರಳುದ್ದವಾಗಿ ಆನೆ ಏರಿದ್ದೆ. ಅದು ಸದ್ದಿಲ್ಲದೆ ಸಾಲಿನಿಂದ ಸಾಲಿಗೆ ನಡೆಯಿತು. ಮೇಜಿನ ಅಂಚಿನಾಚೆ ಹೊಳೆ, ಹೊಳೆಯ ಮೇಲೆ ಮಂಜು, ಮಂಜಿನೊಳಗಿಂದ ಯಾರದೋ ಎತ್ತಿನ ಗಂಟೆ. ಎಲ್ಲಿಗೆ ಎಂದು ಆನೆಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಚ್ಚರವಾದಾಗ ಕತ್ತು ಹಿಡಿದಿತ್ತು.

ಹಳೆಯ ಮೀನುಬಲೆಯ ಸೀಸದ ಗುಂಡು ಕರಗಿಸಿ ಹೊಯ್ದೆ. ಅಚ್ಚು ಒಡೆದರೆ ಸೊಂಡಿಲೇ ಇಲ್ಲ! ಒಳಗಿನ ಗಾಳಿ ಹೊರಹೋಗಲು ಕಂಡಿ ಬಿಡುವುದನ್ನೇ ಮರೆತಿದ್ದೆ. ಗಾಳಿ ಅಡ್ಡ ನಿಂತು ಸೀಸ ಸೊಂಡಿಲಿನವರೆಗೆ ಇಳಿದಿರಲಿಲ್ಲ. ಮೇಲಿನ ದಂಡನಾಯಕ ಹಿಟ್ಟಿನ ಉಂಡೆಯಂತೆ ಕೂತಿದ್ದ. ಅಚ್ಚು ತೆಗೆದು ಪಕ್ಕಕ್ಕಿಟ್ಟಿದ್ದ ರಾಳದ ಆನೆಯ ಮುರುಕೂ ಒಡೆದ ಅಚ್ಚಿನ ಜೊತೆ ಎಲ್ಲೋ ಮಣ್ಣು ಸೇರಿತ್ತು.

ಶನಿವಾರ ಬಂದ ಪವಿತ್ರಾ ಮೇಜು ನೋಡಿ ಚೀಲ ಕೆಳಗೆ ಬಿಟ್ಟಳು.

"ಅಜ್ಜೀ, ಏನ್ ಮಾಡೀದಿ?"

"ಕೊಳಿ ತೊಳದೀನಿ."

"ಅದು ಕೊಳಿ ಅಲ್ಲಬೇ, ನೆರಳು! ಒಂದೊಂದು ಮಡಿಕಿಗೂ ನೆರಳು ಬರೆದಿದ್ದೆ ನಾನು."

"ನೆರಳು ಬರೀತಾರೇನ? ಬಿಸಿಲಿಗಿಟ್ರ ತಾನಾ ಬೀಳ್ತೈತಿ."

ಅವಳು ನಗಲಿಲ್ಲ. ನನಗೂ ಆ ಮಾತು ಆಡಬಾರದಿತ್ತು ಅನಿಸಿತು. ಸೀಸದ ಉಂಡೆ ತಂದು ಅವಳ ಮುಂದಿಟ್ಟೆ.

ಭಾನುವಾರ ರೇಣುಕಾ ಅದನ್ನು ಎತ್ತಿ ಹೊರಳಿಸಿದಳು. "ಇದೇನ ಪವಿತ್ರಾ, ಹಂದಿ ಮ್ಯಾಲೆ ಕುಂಬಳಕಾಯಿ?"

"ಆನಿ ಐತಿ ಅದು. ನಮ್ಮಜ್ಜಿ ಎರಕ ಹೊಯ್ದಾಳ."

"ಸೊಂಡ್ಲ ಎಲ್ಲೈತಿ?"

"ಲೇ, ಆಡೋದಾದ್ರ ಆಡು. ಆನಿ ಅಂದ್ರ ಆನಿ!"

ರೇಣುಕಾ ಒಪ್ಪಿದಳು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಸಂಜೆಯ ಹೊತ್ತಿಗೆ ಪವಿತ್ರಾ ಐದನೆಯ ಸಲ ಸೋತಳು.

"ನನ್ನ ಆನಿಯಿಂದ ಸೋತೇನ?" ಎಂದು ಕೇಳಿದೆ.

"ಇಲ್ಲಬೇ, ದಾಳ ಕೈಕೊಟ್ಟವು. ಆನಿ ಕಡೀತನಾ ನಿಂತಿತ್ತು" ಎಂದು ಮುಖ ಸಣ್ಣ ಮಾಡಿಕೊಂಡು ಸೈನಿಕರನ್ನು ಎತ್ತಿಡತೊಡಗಿದಳು. ಸೋತದ್ದು ಎರಕದ ತಪ್ಪಿನಿಂದಲ್ಲ ಎಂದು ನನಗೆ ಎಷ್ಟು ಹಿಗ್ಗಾಯಿತೆಂದರೆ, ಹುಡುಗಿಗೆ ಒಂದು ಸಮಾಧಾನದ ಮಾತು ಹೇಳಬೇಕಿತ್ತೆಂದು ನೆನಪಾದದ್ದು ಎರಡು ದಿನ ಕಳೆದ ಮೇಲೆ.