ಗೌಡರ ಮೀಸೆ ಒಣಗುವುದರೊಳಗೆ

ಬಣ್ಣ ಹಿಡಿದವನ ಬದುಕಿನಲ್ಲಿ ಪೇಚಾಟಕ್ಕೆ ಬರ ಇಲ್ಲ. ಅದರಲ್ಲೂ ಕೊಪ್ಪಳದ ಬಿಸಿಲಿನಲ್ಲಿ ಅಕ್ರಿಲಿಕ್ ಬಣ್ಣ ಹಿಡಿದವನಾದರೆ ಕೇಳುವುದೇ ಬೇಡ. ಒಂದು ಪೇಚು ಮುಗಿಯುವುದರೊಳಗೆ ಇನ್ನೊಂದು ಬಾಗಿಲಿಗೆ ಬಂದು ನಿಂತಿರುತ್ತದೆ.

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ಹೆಂಡತಿಯ ತಮ್ಮ ಮುಂಬಯಿಯಲ್ಲಿದ್ದ. ಅವನು ರಜೆಗೆ ಬಂದಾಗ ಒಂದು ಪೆಟ್ಟಿಗೆ ಟ್ಯೂಬು ತಂದುಕೊಟ್ಟ. "ಮಾಮಾ, ಹೊಸಾ ಬಣ್ಣ. ನೀರಾಗ ಕಲಸೂದು. ಒಣಗಿದ ಮ್ಯಾಲ ಕೊಡಗಟ್ಲೆ ನೀರ ಸುರುವಿದ್ರೂ ಹೋಗಂಗಿಲ್ಲ" ಅಂದ. ಎಷ್ಟು ಬೇಗ ಒಣಗುತ್ತದೆ ಅನ್ನುವುದನ್ನು ಮಾತ್ರ ಹೇಳಲಿಲ್ಲ. ಅವನಿರುವುದು ಸಮುದ್ರದ ದಂಡೆಯಲ್ಲಿ, ಅವನಿಗೇನು ಗೊತ್ತು? ನಮ್ಮೂರಲ್ಲಿ ಟ್ಯೂಬಿನಿಂದ ಬಣ್ಣ ಹಿಂಡಿ, ಬ್ರಷ್ಷನ್ನು ನೀರಿನಲ್ಲಿ ಅದ್ದಿ ತೆಗೆಯುವುದರೊಳಗೆ ತಟ್ಟೆಯಲ್ಲಿ ಹಕ್ಕಳೆ ಕಟ್ಟುತ್ತಿತ್ತು. ಎಣ್ಣೆ ಬಣ್ಣದ ಹಾಗೆ ಒರೆಸಿ ತಿದ್ದುವ ಮಾತೇ ಇಲ್ಲ.

ಇಂಥ ಹೊತ್ತಿನಲ್ಲಿ ನಾನೊಂದು ಮಾತು ಕೊಟ್ಟುಬಿಟ್ಟೆ. ಗಂಗಾವತಿ ದಾಟಿ ಸಿದ್ದಾಪುರದ ಕಡೆ ಒಂದು ಹಳ್ಳಿ. ಅಲ್ಲಿಯ ಹಿರಿಯ ಗೌಡರು ತೀರಿಕೊಂಡಿದ್ದರು. ಅವರದೊಂದು ಫೋಟೋ ಕೂಡ ಮನೆಯಲ್ಲಿ ಇರಲಿಲ್ಲ. ಮಹಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಹಿಡಿಯುವುದು ನಮ್ಮ ಕಡೆಯ ಪದ್ಧತಿ. ಗೌಡರ ಹೆಂಡತಿ, ಊರವರ ಬಾಯಲ್ಲಿ ಗೌಡಶ್ಯಾನಿ, ಹಟ ಹಿಡಿದು ಕುಳಿತಿದ್ದರು. "ಬರೇ ಗ್ವಾಡಿಗೆ ನಾ ಎಡಿ ಹಿಡಿಯಂಗಿಲ್ಲ. ಅವ್ರ ಮುಖ ತಂದು ತೋರಸ್ರಿ, ಆಮ್ಯಾಲ ಹೋಳಿಗಿ ಮಾಡ್ತೀನಿ." ಇಬ್ಬರು ಗಂಡುಮಕ್ಕಳೂ ನನ್ನ ಮನೆಗೆ ಬಂದು ಕುಳಿತರು. ಇಬ್ಬರೂ ಪಾಲಾಗಿ ಬೇರೆ ಬೇರೆ ಇದ್ದವರು, ಇದೊಂದಕ್ಕೆ ಜೊತೆಯಾಗಿ ಬಂದಿದ್ದರು. "ಚಿಂತಿ ಬಿಡ್ರಿ. ಅಮಾಸಿಗೆ ನಿಮ್ಮಪ್ಪ ಗ್ವಾಡಿ ಮ್ಯಾಲ ಇರ್ತಾರ" ಅಂದುಬಿಟ್ಟೆ. ಅವರಿವರು ಹೇಳಿದ್ದನ್ನು ಕೇಳಿ ಬರೆಯುವ ಚಿತ್ರ. ಹತ್ತು ಸಲ ತಿದ್ದಬೇಕು. ತಿದ್ದಬೇಕಾದರೆ ಬಣ್ಣ ಹಸಿಯಾಗಿರಬೇಕು. ಮುದುಕಿಯ ಎಡೆ ಪೂರಾ ನನ್ನ ತಟ್ಟೆಯ ಮೇಲೆ ನಿಂತಿತ್ತು.

೧. ರೊಟ್ಟಿ ಅರಿವಿ

ತಟ್ಟೆಯ ಮೇಲೆ ಒದ್ದೆ ಬಟ್ಟೆ ಮುಚ್ಚಿದರೆ ಬಣ್ಣ ಸ್ವಲ್ಪ ಹೊತ್ತು ಜೀವ ಹಿಡಿದಿರುತ್ತದೆ ಎಂದು ಕಂಡುಕೊಂಡೆ. ಮನೆಯಲ್ಲಿ ಯಾವಾಗಲೂ ಒದ್ದೆಯಾಗಿರುವ ಬಟ್ಟೆ ಒಂದೇ ಒಂದು. ಜೋಳದ ರೊಟ್ಟಿ ಹಂಚಿನ ಮೇಲೆ ಬಿದ್ದ ಕೂಡಲೇ ಮೇಲೆ ನೀರು ಸವರಲು ನನ್ನ ಹೆಂಡತಿ ಇಟ್ಟುಕೊಂಡಿದ್ದ ಅರಿವಿ. ಮಧ್ಯಾಹ್ನ ಅವಳು ಅಡ್ಡಾದ ಹೊತ್ತಿನಲ್ಲಿ ಅದನ್ನು ಎತ್ತಿಕೊಂಡು ಬಂದೆ. ಕೆಲಸವಾದ ಮೇಲೆ ಚೆನ್ನಾಗಿಯೇ ಹಿಂಡಿ, ಇದ್ದ ಜಾಗದಲ್ಲೇ ಇಟ್ಟೆ.

ಸಂಜೆ ಒಲೆಯ ಮುಂದಿನಿಂದ ಕೂಗು ಬಂತು. "ಏನ್ರೀ, ಇಲ್ಲಿ ಬರ್ರಿ ಸ್ವಲ್ಪ!"

ಹೋಗಿ ನೋಡಿದರೆ ಹಂಚಿನ ಮೇಲೆ ರೊಟ್ಟಿ ಉಬ್ಬಿ ಕುಳಿತಿದೆ. ನಟ್ಟನಡುವೆ ನೀಲಿ, ಅಂಚಿಗೆ ಹೋದ ಹಾಗೆ ತಿಳಿ ನೀಲಿ. ನಿಜ ಹೇಳುತ್ತೇನೆ, ಅಷ್ಟು ನಯವಾಗಿ ಬಣ್ಣ ಇಳಿಸುವುದು ನನಗೆ ಕ್ಯಾನ್ವಾಸಿನ ಮೇಲೂ ಸಾಧ್ಯವಾಗಿರಲಿಲ್ಲ. ಬಾಯಿ ತಪ್ಪಿ, "ಆಕಾಶ ಭಾಳ ಛಲೋ ಬಂದೈತಿ" ಅಂದೆ.

ಅವಳು ರೊಟ್ಟಿಯನ್ನು ತೆಗೆದು ನನ್ನ ತಾಟಿಗೆ ಹಾಕಿದಳು. "ಆಕಾಶ ನಿಮ್ಮದು. ನೀವ ಉಣ್ರಿ."

೨. ಮಸಾಲಿ ಡಬ್ಬಿ

ಅರಿವಿ ಹೋಯಿತು. ಮುಂದೆ ನನ್ನ ಕಣ್ಣು ಬಿದ್ದದ್ದು ಸ್ಟೀಲಿನ ಮಸಾಲಿ ಡಬ್ಬಿಯ ಮೇಲೆ. ತಳದಲ್ಲಿ ಒದ್ದೆ ಬಟ್ಟೆ, ಅದರ ಮೇಲೆ ಎಣ್ಣೆ ಕಾಗದ, ಕಾಗದದ ಮೇಲೆ ಬಣ್ಣ. ಗಟ್ಟಿಯಾಗಿ ಮುಚ್ಚಳ ಒತ್ತಿದರೆ ಮರುದಿನಕ್ಕೂ ಬಣ್ಣ ಬೆಣ್ಣೆಯ ಹಾಗೆ ಇರುತ್ತಿತ್ತು. ಏನೋ ದೊಡ್ಡ ಶೋಧ ಮಾಡಿದವನ ಹಾಗೆ ಬೀಗಿದೆ. ಶಾಲೆಗೂ ಒಯ್ದೆ.

ನಮ್ಮ ಕಡೆ ಮಾಸ್ತರರು ಬುತ್ತಿ ಬಿಚ್ಚಿದರೆ ಅದು ಒಬ್ಬರ ಬುತ್ತಿ ಅಲ್ಲ. ಯಾರ ಡಬ್ಬಿಯಲ್ಲಾದರೂ ಯಾರಾದರೂ ಕೈ ಹಾಕಬಹುದು, ಕೇಳುವುದೇ ಅವಮಾನ. ನಾನು ಕೈ ತೊಳೆಯಲು ಹೋಗಿದ್ದೆ. ಹೆಡ್‌ಮಾಸ್ತರರು ನನ್ನ ಡಬ್ಬಿಯ ಮುಚ್ಚಳ ತೆಗೆದು ನೋಡಿದ್ದಾರೆ. ಮಣ್ಣಿನ ಹಳದಿ, ಕಡುಗೆಂಪು, ಹಸಿರು. ಅವರ ಕಣ್ಣಿಗೆ ಅವು ಶೇಂಗಾ ಚಟ್ನಿ, ಕೆಂಪು ಖಾರ, ಪುಂಡಿ ಪಲ್ಯ. ನಾನು ಬಾಗಿಲಿಗೆ ಬರುವ ಹೊತ್ತಿಗೆ ರೊಟ್ಟಿಯ ಚೂರು ಕೆಂಪಿನಲ್ಲಿ ಅದ್ದಿಯಾಗಿತ್ತು.

"ಸರ, ಅದು..." ಅನ್ನುವುದರೊಳಗೆ ಬಾಯಿಗೂ ಹೋಯಿತು.

ಅವರು ಕಣ್ಣು ಮುಚ್ಚಿ ನಾಲಿಗೆಯ ತುದಿಯಲ್ಲಿ ಆ ಕಡೆ ಈ ಕಡೆ ಆಡಿಸಿದರು. ಮೆಲ್ಲಗೆ ಕಿಟಕಿಯ ಹತ್ತಿರ ಹೋಗಿ ಉಗುಳಿದರು. ನಮ್ಮ ಹೆಡ್‌ಮಾಸ್ತರರು ಭಾಳ ಸಂಭಾವಿತ ಮನುಷ್ಯ. ಯಾರ ಮನೆಯ ಅಡಿಗೆಯನ್ನೂ ಬಾಯಿ ಬಿಟ್ಟು ಹಳಿದವರಲ್ಲ. ಕೆಂಪು ಹಲ್ಲು ತೋರಿಸಿ ನಕ್ಕು, "ಮನಿಯಾಗ ತಂಗೀಗೆ ಹೇಳ್ರಿ ಮಾಸ್ತರ" ಅಂದರು. "ಎಲ್ಲಾ ಛಲೋ ಆಗೈತಿ. ಉಪ್ಪು ಒಂದ ಕಡಿಮಿ ಬಿದ್ದೈತಿ."

೩. ತೊಡೆಯ ಮೇಲಿನ ಗಂಟು

ಚಿತ್ರದ ಕೆಲಸ ಗೌಡರ ಮನೆಯಲ್ಲೇ ಆಗಬೇಕು ಎಂದು ಮಕ್ಕಳು ಹೇಳಿಕಳಿಸಿದರು. ಡಬ್ಬಿಗೆ ಒದ್ದೆ ಟವೆಲ್ಲು ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಗಂಗಾವತಿ ಬಸ್ಸು ಹತ್ತಿದೆ. ಅವತ್ತು ಸೋಮವಾರ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಇತ್ತು.

ಬಸ್ಸು ಕುಲುಕಿದ ಹಾಗೆಲ್ಲ ಟವೆಲ್ಲಿನಿಂದ ನೀರು ತೊಟ್ಟಿಕ್ಕತೊಡಗಿತು. ಕಂಡಕ್ಟರು ಬಂದು ಬಗ್ಗಿ ನೋಡಿದ. "ಏನೈತ್ರಿ ಅದರಾಗ?"

"ಬಣ್ಣ ಅದಾವ್ರಿ."

"ಬಣ್ಣಕ್ಕ ನೀರ ಯಾಕ್ರಿ?"

"ಒಣಗಬಾರದು ಅಂತ."

ಅವನು ನನ್ನ ಮುಖವನ್ನೇ ನೋಡಿದ. "ಒಣಗಬಾರದ ಬಣ್ಣ ಯಾರರ ಹಚ್ಚತಾರೇನ್ರಿ? ಮೀನ ಅಂತ ಹೇಳ್ರಲ್ಲ, ನಾ ಏನ್ ಇಳಿಸ್ತೀನೇನು? ನಾನೂ ತಿನ್ನಾಂವನ."

ಬಿಚ್ಚಿ ತೋರಿಸಿದರೆ ಬಣ್ಣಕ್ಕೆ ಗಾಳಿ ತಾಗುತ್ತದೆ, ತೋರಿಸದಿದ್ದರೆ ಮೀನು. ಮಾನಕ್ಕಿಂತ ಬಣ್ಣ ದೊಡ್ಡದು ಎಂದುಕೊಂಡು ಸುಮ್ಮನೆ ಕುಳಿತೆ. ಹಿಟ್ನಾಳ ಬರುವಷ್ಟರಲ್ಲಿ ಸುದ್ದಿ ಹಿಂದಿನ ಸೀಟಿನವರೆಗೂ ಹೋಗಿತ್ತು. ಪಕ್ಕದಲ್ಲಿದ್ದವರು ಧೋತರ ಎತ್ತಿಕೊಂಡು ದೂರ ಸರಿದರು. ಎದುರಿಗೆ ಕುಳಿತಿದ್ದ ಒಬ್ಬ ಮುದುಕಿ ಮಾತ್ರ ಹತ್ತಿರ ಸರಿದು, "ದೊಡ್ಡವೋ ಸಣ್ಣವೋ?" ಎಂದು ಕೇಳಿದಳು. ಪೀಡೆ ತೊಲಗಲಿ ಎಂದು "ಎರಡೂ ಅದಾವು" ಅಂದೆ.

ಗಂಗಾವತಿಯಲ್ಲಿ ನಾನು ಇಳಿಯುವಾಗ ಆಕೆ ಪಕ್ಕದವಳಿಗೆ ಹೇಳುವುದು ಕೇಳಿಸಿತು. "ನೋಡವ್ವಾ ಕಾಲ! ಹಣಿ ಮ್ಯಾಲ ವಿಭೂತಿ, ತೊಡಿ ಮ್ಯಾಲ ಮೀನು!"

೪. ಎರಡು ಮನೆಯ ಗಾಳಿ

ಗೌಡರ ಪಡಸಾಲೆಯಲ್ಲಿ ಕ್ಯಾನ್ವಾಸು ನಿಲ್ಲಿಸಿ ಶುರುಮಾಡಿದೆ. ತಲೆಯ ರುಮಾಲು ಬಂತು, ಹಣೆ ಬಂತು. ಹಿರಿಯ ಮಗ ನನ್ನನ್ನು ನೋಡಿ, "ಅಯ್ಯ, ಮಾಸ್ತರ್ರು ಬೆವರಾಕತ್ಯಾರ!" ಎಂದು ಟೇಬಲ್ ಫ್ಯಾನು ತಂದು ನೇರವಾಗಿ ನನ್ನ ಮುಖಕ್ಕೆ ಹಚ್ಚಿದ. ನನ್ನ ಬೆವರು ಆರುವ ಮೊದಲೇ ಬಣ್ಣ ಆರಿತು.

"ಗೌಡ್ರ, ಫ್ಯಾನ್ ಬ್ಯಾಡ್ರಿ" ಅಂದೆ.

ಅವನ ಮುಖ ಸಣ್ಣದಾಯಿತು. "ಯಾಕ್ರಿ, ಕರೆಂಟ್ ಬಿಲ್ಲಿಗೆ ಅಂಜೂ ಮಂದಿ ಅಂತ ತಿಳದೀರೇನು ನಮ್ಮನ್ನ?"

ಇದನ್ನು ಕೇಳಿಸಿಕೊಂಡ ಕಿರಿಯವನಿಗೆ ಒಳಗೊಳಗೇ ಖುಷಿ. "ಅಣ್ಣನ ಫ್ಯಾನ್ ಹಳೇದೈತ್ರಿ, ಬಿಸಿ ಗಾಳಿ ಒಗೀತೈತಿ. ಅದಕ್ಕ ಮಾಸ್ತರ್ರು ಬ್ಯಾಡ ಅಂದಾರ" ಎನ್ನುತ್ತ ತನ್ನ ಮನೆಯಿಂದ ಹೊಸ ಫ್ಯಾನು ಹೊತ್ತು ತಂದ. ಅಣ್ಣ ತನ್ನದನ್ನು ತೆಗೆಯಲು ತಯಾರಿಲ್ಲ. ಈಗ ಎಡಕ್ಕೊಂದು ಬಲಕ್ಕೊಂದು. ಡಬ್ಬಿಯಲ್ಲಿದ್ದ ಬಣ್ಣವೆಲ್ಲ ಹಪ್ಪಳ. ಗಾಳಿಗೆ ಬಣ್ಣ ಒಣಗುತ್ತದೆ ಎಂದು ಕೈ ಮುಗಿದು ತಿಳಿಸಿ ಹೇಳಿದೆ. ಇಬ್ಬರೂ ತಲೆ ಆಡಿಸಿದರು, ಇಬ್ಬರೂ ಫ್ಯಾನು ಆರಿಸಿದರು. ನಾನು ಹೊಸದಾಗಿ ಬಣ್ಣ ಹಿಂಡಿ ಬ್ರಷ್ಷು ಎತ್ತಿದೆ.

ಹಿಂದಿನಿಂದ ತಣ್ಣಗೆ ಏನೋ ಬೀಸಿತು. ತಿರುಗಿ ನೋಡಿದರೆ ಅಣ್ಣ ತಮ್ಮ ಇಬ್ಬರ ಕೈಯಲ್ಲೂ ಒಂದೊಂದು ಬೀಸಣಿಕಿ. "ಇದು ಕರೆಂಟಿನ ಗಾಳಿ ಅಲ್ರಿ, ಕೈಯಾಗಿಂದು. ಇದೇನು ಮಾಡಂಗಿಲ್ಲ. ನೀವು ಬರೀರಿ."

೫. ಔಷಧಿ ಪಂಪು

ಬಣ್ಣಕ್ಕೆ ಆಗಾಗ ನೀರು ಚಿಮುಕಿಸಬೇಕು ಎಂದು ಮಾತಿಗೆ ಹೇಳಿದ್ದೇ ತಪ್ಪಾಯಿತು. ಕಾಲುವೆ ನೀರಿನ ಊರು, ಮನೆಮನೆಯಲ್ಲೂ ಭತ್ತಕ್ಕೆ ಔಷಧಿ ಹೊಡೆಯುವ ಪಂಪು ಇರುತ್ತದೆ. ಮರುದಿನ ನಾನು ಚಹಾ ಕುಡಿಯಲು ಹೊರಗೆ ಹೋಗಿದ್ದಾಗ ಕಿರಿಯವನು ಪಂಪನ್ನು ಮೂರು ನಾಲ್ಕು ಸಲ ತೊಳೆದು, ನೀರು ತುಂಬಿ, ಬೆನ್ನಿಗೇರಿಸಿಕೊಂಡು ಪಡಸಾಲೆಗೆ ಬಂದಿದ್ದಾನೆ. ಡಬ್ಬಿಗೆ ಹೊಡೆದರೆ ಸಾಕಿತ್ತು. ಗದ್ದೆಗೆ ಹೊಡೆದು ರೂಢಿಯಾದ ಕೈ, ಬದು ಬಿಡದೆ ಕ್ಯಾನ್ವಾಸಿಗೂ ಹೊಡೆದ.

ಬಂದು ನೋಡಿದೆ. ಹಳೆಯ ಬಣ್ಣ ಗಟ್ಟಿಯಾಗಿ ನಿಂತಿತ್ತು, ಆದರೆ ಆಗಷ್ಟೇ ಬರೆದು ಹೋಗಿದ್ದ ಮೀಸೆ ಕರಗಿ ಗದ್ದ ದಾಟಿ ಎದೆಯವರೆಗೆ ಇಳಿದಿತ್ತು. ಅಮಾವಾಸ್ಯೆ ಹತ್ತಿರ ಬಂದಿದೆ, ಕಪ್ಪು ಟ್ಯೂಬು ಮುಗಿಯುತ್ತ ಬಂದಿದೆ. ತಲೆಯ ಮೇಲೆ ಕೈ ಹೊತ್ತು ಕುಳಿತುಬಿಟ್ಟೆ.

ಹಿರಿಯವನು ಓಡಿ ಬಂದ. ಈಗ ತಮ್ಮನ ಕೊರಳಪಟ್ಟಿ ಹಿಡಿಯುತ್ತಾನೆ ಎಂದುಕೊಂಡೆ. ಅವನು ಚಿತ್ರದ ಮುಂದೆ ನಿಂತ. ತಮ್ಮನ ಮುಖ ನೋಡಿದ. ತಮ್ಮ ಅವನ ಮುಖ ನೋಡಿದ. ಅಪ್ಪನ ಮುಖದ ವಿಷಯದಲ್ಲಿ ಆ ಇಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು.

"ಶ್ರಾವಣದಾಗ ಗಡ್ಡಾ ಬಿಟ್ಟಾಗ ಥೇಟ ಹಿಂಗ ಕಾಣ್ತಿದ್ದ ಅಪ್ಪ!"

೬. ಹಸಿ ಇದ್ದಷ್ಟು ಹೊತ್ತು

ಗಡ್ಡ ತೆಗೆದು ಮೀಸೆ ಮತ್ತೆ ಬರೆದೆ. ಉಳಿದದ್ದು ಮೂಗು. ಹಿರಿಯವನ ಮೂಗು ಅಗಲ, ಕಿರಿಯವನದು ಚೂಪು. ಅಪ್ಪನ ಮೂಗು ತನ್ನ ಹಾಗೇ ಇತ್ತು ಎಂದು ಇಬ್ಬರೂ ಆಣೆ ಇಡುತ್ತಾರೆ. ಕಾರಣ ಇಷ್ಟೇ: ಎಡೆಗೆ ಬಂದ ಮಂದಿ ಚಿತ್ರ ನೋಡಿ, "ಇಂವ ಅಪ್ಪನಂಗ ಅದಾನ" ಅನ್ನಬೇಕು. ಬೆಳಿಗ್ಗೆ ಅಣ್ಣ ನಿಂತು ಅಗಲ ಮಾಡಿಸುತ್ತಿದ್ದ, ಮಧ್ಯಾಹ್ನ ತಮ್ಮ ನಿಂತು ಚೂಪು ಮಾಡಿಸುತ್ತಿದ್ದ. ಒರೆಸಲು ಬರದ ಬಣ್ಣ, ಒಂದರ ಮೇಲೊಂದು ಪದರು ಕೂತು ಕೂತು ಗೌಡರ ಮೂಗು ಮುಟ್ಟಿದರೆ ಕೈಗೆ ಸಿಗುವಷ್ಟು ದಪ್ಪವಾಯಿತು. ಕಿನ್ನಾಳದ ಬೊಂಬೆ ನೋಡಿ ಬೆಳೆದ ಸೀಮೆ ನಮ್ಮದು, ಬಣ್ಣದ ವಿಷಯದಲ್ಲಿ ಎಲ್ಲರೂ ಪಂಡಿತರೇ. ದಾರಿಯಲ್ಲಿ ಹೋಗುವವರೂ ಒಳಗೆ ಇಣುಕಿ ಒಂದೊಂದು ಮಾತು ಹೇಳಿ ಹೋಗುತ್ತಿದ್ದರು.

ನಾಳೆ ಅಮಾವಾಸ್ಯೆ ಅನ್ನುವಾಗ ಇನ್ನು ನನ್ನಿಂದ ಆಗದು ಅನ್ನಿಸಿತು. "ನಿಮ್ಮ ಅವ್ವನ್ನ ಕರೀರಿ. ಅವ್ರ ಹೇಳಲಿ" ಅಂದೆ. ಅಲ್ಲಿಯವರೆಗೆ ಆ ತಾಯಿ ಒಂದು ಸಲವೂ ಪಡಸಾಲೆಗೆ ಬಂದಿರಲಿಲ್ಲ. ಅರ್ಧ ಮುಖ ನೋಡಲಾರೆ ಎಂದು ಅಡಿಗೆಮನೆಯಲ್ಲೇ ಉಳಿದಿದ್ದರು.

ಬಂದರು. ಸೆರಗು ಸರಿ ಮಾಡಿಕೊಂಡು ಚಿತ್ರದ ಎದುರಿಗೆ ನೆಲದ ಮೇಲೆ ಕುಳಿತರು. ಬಹಳ ಹೊತ್ತು ನೋಡಿದರು. ಗಂಡುಮಕ್ಕಳು ಕಂಬಕ್ಕೊಬ್ಬರು ಒರಗಿ ನಿಂತಿದ್ದರು.

"ಮೂಗು ಅವ್ರದಲ್ಲ" ಅಂದರು.

ಅಣ್ಣ ತಮ್ಮ ಇಬ್ಬರೂ ನೆಲ ನೋಡಿದರು.

"ಮೀಸಿನೂ ಅವ್ರದಲ್ಲ. ಗದ್ದಾನೂ ಅಲ್ಲ. ರುಮಾಲ ಒಂದ ಅವ್ರದು."

ಇಷ್ಟು ದಿನದ ಶ್ರಮ ರುಮಾಲಿಗೆ ಬಂದು ನಿಂತಿತಲ್ಲ! ನಾಳೆಯ ಎಡೆ ನಿಂತುಹೋದರೆ ಅದು ನನ್ನಿಂದಲೇ. ಡಬ್ಬಿ ಎತ್ತಿಕೊಂಡು ಅವರ ಮುಂದೆ ಕುಳಿತೆ. "ಯವ್ವಾ, ಬಣ್ಣ ಇನ್ನೂ ಹಸೀ ಅದಾವು. ಹೆಂಗ ಇದ್ರು ಅಂತ ಹೇಳ್ರಿ, ಈಗಿಂದೀಗ ತಿದ್ದತೀನಿ."

ಅವರು ಕೈ ಅಡ್ಡ ಹಿಡಿದರು. "ಬ್ಯಾಡಪ್ಪಾ. ನನಗರ ಎಲ್ಲಿ ನೆಟ್ಟಗ ಗೊತ್ತೈತಿ? ನಾ ಈ ಮನಿಗೆ ಬಂದಾಗಿಂದ ಅವ್ರು ಒಂದ ತಾಸು ನನ್ನ ಎದುರಿಗೆ ಸುಮ್ನ ಕುಂತಿದ್ದಿಲ್ಲ. ಎತ್ತಿನ ವ್ಯಾಪಾರ. ಇವತ್ತ ಕುಷ್ಟಗಿ ಸಂತಿ, ನಾಳೆ ಯಲಬುರ್ಗಿ ಸಂತಿ. ಉಣ್ಣಾಕ ಕುಂತಾಗ ಹೊರಗ ಎತ್ತಿನ ಗಂಟಿ ಕೇಳಿದ್ರ, ಅರ್ಧಾ ತಾಟ ಬಿಟ್ಟು ಎದ್ದು ಹೋಗಾವ್ರು. ಕಣ್ತುಂಬ ನೋಡೂದು ಆಗಲಿಲ್ಲ." ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಇರಲಿ ಬಿಡು. ಯಾರ ಮೂಗರ ಆಗಲಿ. ಈಗರ ನನ್ನ ಮುಂದ ಕುಂತಾರಲ್ಲ. ನಾಳೆ ಹೋಳಿಗಿ ಮಾಡ್ತೀನಿ."

ಹಿರಿಯ ಮಗ ಮುಖ ತಿರುಗಿಸಿಕೊಂಡ. ನಾನು ಡಬ್ಬಿಯ ಮೇಲೆ ಒದ್ದೆ ಟವೆಲ್ಲು ಮುಚ್ಚತೊಡಗಿದೆ.

ಆಕೆ ಅದನ್ನೇ ನೋಡುತ್ತಿದ್ದರು. "ಬಣ್ಣ ಇನ್ನಾ ಹಸಿ ಐತಿ ಅಂದ್ಯಲ್ಲಾ?"

"ಹೌದ್ರಿ ಯವ್ವಾ" ಅಂದೆ, ಸ್ವಲ್ಪ ಹೆಮ್ಮೆಯಿಂದಲೇ. "ಒಣಗಬಾರದು ಅಂತ ಮಾಡಬಾರದ್ದೆಲ್ಲಾ ಮಾಡೀನಿ."

ಮುದುಕಿ ಗಾಬರಿಯಾಗಿ ಎದ್ದು ನಿಂತರು. "ಏ ಯಪ್ಪಾ, ಲಗೂನ ಅಂಗಳದಾಗ ಬಿಸಲಿಗೆ ಇಡ ಅವ್ರನ್ನ! ಒಣಗಿ ಗಟ್ಟಿ ಆಗಲಿ. ಹಸಿ ಇದ್ದಷ್ಟೊತ್ತು ನಂಬಂಗಿಲ್ಲ ಆ ಮನಶ್ಯಾನ್ನ, ಎದ್ದು ಸಂತಿಗೆ ಹೋಗಿಬಿಟ್ಟಾರು!"