ಮಾವನಿಗೆ ಅಂಗಡಿಯ ಹಾಡು ಆಗದು

ನಮ್ಮ ಸೋದರಮಾವ ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ಮೂವತ್ತೈದು ವರ್ಷ ದಿನಸಿ ಅಂಗಡಿ ನಡೆಸಿದವರು. ಆದ್ದರಿಂದಲೇ, ಈ ಭೂಮಿಯ ಮೇಲೆ ಅವರು ನಂಬದೇ ಇರುವ ಜಾಗ ಯಾವುದಾದರೂ ಇದ್ದರೆ ಅದು ಅಂಗಡಿ!

ಇದೇನು ವಿಚಿತ್ರ ಅಂತೀರಾ? ಕೇಳಿದರೆ ಅವರ ಹತ್ತಿರ ಉತ್ತರ ಸಿದ್ಧವಾಗಿರುತ್ತದೆ. "ನಾನೇ ಅಂಗಡಿಯವನು ಕಣಮ್ಮ, ನಂಗೊತ್ತಿಲ್ವಾ? ಮಾಡ್ದೋರ ಕೈಯಿಂದ ಅಂಗಡಿಗೆ ಬರೋ ಹೊತ್ತಿಗೆ ಪ್ರತಿ ಸಾಮಾನಲ್ಲೂ ಏನಾದ್ರೊಂದು ಉದುರೋಗಿರ್ತದೆ. ಬೆಲ್ಲ ಆದ್ರೆ ಅಂಚು, ಕೊಬ್ಬರಿ ಆದ್ರೆ ಎಣ್ಣೆ, ಕಾಫಿಪುಡಿ ಆದ್ರೆ ವಾಸನೆ."

"ಹಾಗಾದರೆ ನಿಮ್ಮ ಅಂಗಡಿಯಲ್ಲೂ ಉದುರುತ್ತಿತ್ತಾ ಮಾವ?" ಎಂದು ಒಮ್ಮೆ ಕೇಳಿದೆ. ಮಾವ ಕಿಟಕಿಯ ಕಡೆ ತಿರುಗಿ, ಈ ಸಲ ಸೆಖೆ ಜಾಸ್ತಿ ಎಂದರು.

ಅಂಗಡಿ ಮಾರಿ ರಾಮಕೃಷ್ಣನಗರಕ್ಕೆ ಬಂದ ಮೇಲೆ ಈ ಕಾಯಿಲೆ ಉಲ್ಬಣಿಸಿತು. ರಾಗಿ ಬೆಳೆದವರ ಮನೆಯಿಂದಲೇ ಬರಬೇಕು, ಹಾಲು ಹಸುವಿನ ಮುಖ ನೋಡಿಯೇ ತರಬೇಕು. ಒಂದು ದಿನ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, "ನಂಜನಗೂಡಿಗೆ ಹೋಗಿ ದೇವ್ರಿಗೆ ಕೈ ಮುಗುದು ಬರೋಣ" ಎಂದು ಹೊರಟವರು ಅರ್ಧ ದಾರಿಯಲ್ಲಿ, ಕಡಕೊಳದ ಒಂದು ಊದುಬತ್ತಿ ಕಾರ್ಖಾನೆಯ ಗೇಟಿನ ಮುಂದೆ ಗಾಡಿ ನಿಲ್ಲಿಸಿದರು. ಕೈ ಮುಗಿಯುವುದಕ್ಕೆ ಮುಂಚೆ ಹಚ್ಚುವ ಬತ್ತಿ ಮೂಲದಿಂದಲೇ ಬರಬೇಡವೇ?

ವಾಚ್‌ಮನ್ ಬಹಳ ಮರ್ಯಾದೆಯಿಂದಲೇ ಹೇಳಿದ. "ಇಲ್ಲಿ ಚಿಲ್ಲರೆ ಕೊಡಲ್ಲ ಸಾರ್. ಲಷ್ಕರ್ ಮೊಹಲ್ಲಾದಲ್ಲಿ ಒಂದು ಅಂಗಡಿ ಇದೆ, ನಮ್ಮ ಮಾಲು ಅಲ್ಲೇ ಸಿಕ್ತದೆ, ಅಲ್ಲೋಗಿ." ಗುರುತು ಹೇಳಿದ. ಯಾವ ಅಂಗಡಿ ಗೊತ್ತೆ? ಮಾವ ಮಾರಿ ಬಂದಿದ್ದ ಅವರದೇ ಅಂಗಡಿ!

ಬೇರೆ ಯಾರಾಗಿದ್ದರೂ ನಕ್ಕು ಹಿಂದಿರುಗುತ್ತಿದ್ದರು. ಮಾವ ಕಾಂಪೌಂಡು ಸುತ್ತಿ, ಲಾರಿಗೆ ಮಾಲು ತುಂಬುವ ಹಿಂದಿನ ಗೇಟು ಹುಡುಕಿ, ಅಲ್ಲಿದ್ದವರ ಜೊತೆ ಕಷ್ಟಸುಖ ಮಾತಾಡಿ, ಒಂದು ದೊಡ್ಡ ಪೆಟ್ಟಿಗೆಯನ್ನೇ ಹೊತ್ತು ತಂದರು. ಅದನ್ನು ತೊಡೆಯ ಮೇಲಿಟ್ಟುಕೊಂಡು ಮೈಸೂರಿನವರೆಗೆ ಬಂದವಳು ನಾನು. ನಮ್ಮ ಬಂಧುಬಳಗದಲ್ಲಿ ಈಗಲೂ ಮದುವೆಯಿರಲಿ, ನಾಮಕರಣವಿರಲಿ, ಮಾವನ ಉಡುಗೊರೆ ಒಂದೇ. ನಂಜನಗೂಡಿಗೆ ಮಾತ್ರ ಆವತ್ತು ಹೋಗಲಿಲ್ಲ.

ಇಂಥವರ ಜೊತೆ ನಮ್ಮತ್ತೆ ಹೇಗೆ ಬಾಳಿದರು? ಹಾಡಿಕೊಂಡು ಬಾಳಿದರು. ಅಂಗಡಿಯ ಹಿಂದೆಯೇ ಮನೆಯಿದ್ದ ಕಾಲದಿಂದಲೂ ಅತ್ತೆ ವಚನ ಹಾಡುವವರು. ಬೀದಿಯ ಹೆಂಗಸರಿಗೆಲ್ಲ ಕಲಿಸಿದವರು. ಅವರು ಹಿತ್ತಲಲ್ಲಿ ಹಾಡಿದರೆ ಮೂರು ಮನೆಯಾಚೆ ಬೇಳೆ ಆರಿಸುತ್ತಿದ್ದವರ ಕೈ ನಿಲ್ಲುತ್ತಿತ್ತು. ಹೋದ ವರ್ಷ ಅವರ ಗಂಟಲಿಗೆ ಆಪರೇಷನ್ ಆಯಿತು. ಪ್ರಾಣ ಉಳಿಯಿತು, ದನಿ ಉಳಿಯಲಿಲ್ಲ. ಈಗ ಬರುವುದು ಪಿಸುಮಾತು ಮಾತ್ರ. ದೂರದಿಂದ ಕರೆಯಬೇಕಾದರೆ ಅಡುಗೆಮನೆಯಲ್ಲಿ ಸೌಟಿನಿಂದ ತಟ್ಟೆ ಬಡಿಯುತ್ತಾರೆ. ಎರಡು ಸಲ ಬಡಿದರೆ ಕಾಫಿ ಆಯಿತು ಎಂದು, ಮೂರು ಸಲ ಬಡಿದರೆ ಕೂಡಲೇ ಬನ್ನಿ ಎಂದು. ಮಾವನಿಗೆ ಈ ಭಾಷೆ ಎರಡೇ ದಿನದಲ್ಲಿ ಬಂತು. ಆದರೆ ಆ ಮನೆಯ ನಿಶ್ಶಬ್ದ ಮಾತ್ರ ಒಳಗೆ ಕಾಲಿಟ್ಟ ಕೂಡಲೇ ನಮ್ಮ ಎದೆಗೆ ಒತ್ತುತ್ತಿತ್ತು. ನನಗಂತೂ ಅಳು ಬರುತ್ತಿತ್ತು.

ಹಾಗಾಗಿ ಒಂದು ಶನಿವಾರ ಸಂಜೆ ಮಾವ ಫೋನ್ ಮಾಡಿ, "ಕಂಪ್ಯೂಟರಿಗೆ ಹಾಡಿನ ಆಪ್ ಹಾಕ್ಕೊಡ್ಬೇಕು ಬಾರಮ್ಮ, ಮನೆ ಬಣಗುಟ್ತಾ ಅದೆ. ನಿಮ್ಮತ್ತೆ ಕಿವಿಗೆ ಒಂದು ಹಾಡಾದ್ರೂ ಬೀಳ್ಲಿ" ಎಂದಾಗ ನಾನು ಇಲ್ಲ ಎನ್ನುವುದು ಹೇಗೆ? ಆ ಕಂಪ್ಯೂಟರ್ ನಾನೇ ಕೊಟ್ಟ ನನ್ನ ಹಳೆಯದು. ಹೊಸದೇನಾದರೂ ಹಾಕಬೇಕಾದರೆ ನನ್ನ ಪಾಸ್‌ವರ್ಡ್ ಕೇಳುತ್ತದೆ. ಅದನ್ನು ನಾನು ಮಾವನಿಗೆ ಹೇಳಿಲ್ಲ. ಹೇಳದಿದ್ದಕ್ಕೆ ಕಾರಣ ನಿಮಗೆ ಇಷ್ಟು ಹೊತ್ತಿಗೆ ಗೊತ್ತಾಗಿರಬೇಕು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಸೋಮವಾರಕ್ಕೆ ತಿದ್ದಿ ಮುಗಿಸಬೇಕಾದ ಉತ್ತರಪತ್ರಿಕೆಗಳ ಕಟ್ಟನ್ನು ಚೀಲದಲ್ಲಿಟ್ಟುಕೊಂಡೇ ಭಾನುವಾರ ಬೆಳಿಗ್ಗೆ ಹೋದೆ. ಐದು ನಿಮಿಷದ ಕೆಲಸ, ಆಮೇಲೆ ಅಲ್ಲೇ ಕೂತು ತಿದ್ದಬಹುದು ಎಂಬ ಆಸೆ. ಎಂಥ ಮುಗ್ಧೆ ನಾನು!

ಒಳಗೆ ಹೋಗುತ್ತಲೇ ಅತ್ತೆ ಕೈ ಹಿಡಿದು ಪಕ್ಕಕ್ಕೆ ಎಳೆದು ಪಿಸುಗುಟ್ಟಿದರು. "ನಿಮ್ಮ ಮಾವನ್ನ ಯಾವ್ದಾದ್ರೂ ಡಾಕ್ಟ್ರಿಗೆ ತೋರಿಸ್ಬೇಕು ಕಣೇ. ಮಧ್ಯಾಹ್ನ ಊಟ ಆದ್ರೆ ಸಾಕು, ಕೋಣೆ ಬಾಗ್ಲು ಹಾಕ್ಕೊಂಡು ಮಲಗ್ತಾರೆ. ಮೂರು ಗಂಟೆ! ಮೂರು ತಿಂಗಳಾಯ್ತು."

ಎಪ್ಪತ್ತೆರಡರ ವಯಸ್ಸು, ಮಲಗಲಿ ಬಿಡಿ ಎಂದು ಸಮಾಧಾನ ಹೇಳಿ, ಆ ಕೋಣೆಯಲ್ಲೇ ಇದ್ದ ಕಂಪ್ಯೂಟರಿನ ಮುಂದೆ ಕೂತೆ. ಆಪ್ ಸ್ಟೋರ್ ತೆರೆದೆ, ಹಾಡಿನ ಆಪ್ ಹುಡುಕಿದೆ, ಒಂದು ಸಲ ಒತ್ತಿದೆ, ಪಾಸ್‌ವರ್ಡ್ ಕೊಟ್ಟೆ. ಎರಡೇ ನಿಮಿಷ! ಸ್ಪೀಕರಿನಿಂದ ಹಾಡು ಬಂತು. ನಾನು ಚೀಲಕ್ಕೆ ಕೈ ಹಾಕಿದೆ.

"ನಿಲ್ಸು," ಎಂದರು ಮಾವ. "ಇದನ್ನ ಎಲ್ಲಿಂದ ತಗೊಂಡೆ?"

"ಆಪ್ ಸ್ಟೋರಿಂದ."

"ಇದನ್ನ ಮಾಡ್ದೋರು ಆ ಸ್ಟೋರಿನೋರಾ?"

"ಅಲ್ಲ ಮಾವ, ಮಾಡಿದೋರು ಬೇರೆ ಕಂಪನಿಯೋರು. ಇಲ್ಲಿ ಇಟ್ಟಿರ್ತಾರೆ."

"ಅಂಗಾದ್ರೆ ಮಧ್ಯದಲ್ಲಿ ಇವರದೇನು ಕೆಲಸ?"

ಕಡಕೊಳದ ಪೆಟ್ಟಿಗೆಯ ಭಾರ ತೊಡೆಯ ಮೇಲೆ ಮತ್ತೆ ಬಂದು ಕೂತ ಹಾಗಾಯಿತು. ಮಾವ ಮೇಜಿನ ಖಾನೆಯಿಂದ ಭೂತಗನ್ನಡಿ ತೆಗೆದರು. ಅಂಗಡಿಯ ಕಾಲದಲ್ಲಿ ಪೊಟ್ಟಣಗಳ ಮೇಲಿನ ಸಣ್ಣಕ್ಷರ ಓದುತ್ತಿದ್ದ ಭೂತಗನ್ನಡಿ ಅದು. ಅದನ್ನು ಪರದೆಗೆ ಹಿಡಿದು ಆಪಿನ ಸೆಟ್ಟಿಂಗುಗಳನ್ನು ಮೇಲಿಂದ ಕೆಳಗೆ ಓದಿದರು, ಕೆಳಗಿಂದ ಮೇಲೆ ಓದಿದರು. ಕೊನೆಗೆ ತಲೆಯಾಡಿಸಿದರು. "ಇದ್ರಲ್ಲಿ ಏನೋ ಉದುರೋಗ್ಯದೆ. ತೆಗುದಾಕು."

"ಏನು ಉದುರಿದೆ ಮಾವ? ಹಾಡು ಬರ್ತಿದೆಯಲ್ಲ!"

"ಅದು ನಂಗೊತ್ತು. ಕಂಪನಿಯೋರ ಹತ್ರಾನೇ ನೇರವಾಗಿ ತಗೋ."

ಎರಡೂ ಒಂದೇ ಎಂದೆ. ಸ್ಟೋರಿನದೇ ಕ್ಷೇಮ ಎಂದೆ. ಕೋಟ್ಯಂತರ ಜನ ಹೀಗೇ ಹಾಕಿಕೊಳ್ಳುತ್ತಾರೆ ಎಂದೆ. "ಅವರೆಲ್ಲ ಅಂಗಡಿ ನಡ್ಸಿಲ್ಲ" ಎಂದರು ಮಾವ. ಇದಕ್ಕೆ ಏನು ಹೇಳುತ್ತೀರಿ?

ಹಾಕಿದ್ದನ್ನು ತೆಗೆದೆ. ಸಿಟ್ಟಿನಲ್ಲಿ ಆಪಿನ ಹೆಸರು ಟೈಪ್ ಮಾಡಿ, ಮೊದಲು ಕಂಡ ಪುಟಕ್ಕೆ ಹೋಗಿ, ಅಂಗೈ ಅಗಲದ ಹಸಿರು ಬಟನ್ ಒತ್ತಿ, ಮೇಲಿಂದ ಮೇಲೆ ಕೇಳಿದ ಪ್ರಶ್ನೆಗಳಿಗೆಲ್ಲ ಓದದೆಯೇ ಹೂಂಗುಟ್ಟಿದೆ. ಮಕ್ಕಳಿಗೆ ಪ್ರಶ್ನೆಯನ್ನು ಎರಡು ಸಲ ಓದಿ ಉತ್ತರ ಬರೆಯಿರಿ ಎಂದು ದಿನವೂ ಹೇಳುವವಳು ನಾನೇ! ಹಾಡಿನ ಆಪ್ ಬರಲಿಲ್ಲ. ಪರದೆಯ ತುಂಬ ಕೆಂಪು ಬಂತು. ನಿಮ್ಮ ಕಂಪ್ಯೂಟರಿಗೆ ಭಯಂಕರ ರೋಗ ತಗುಲಿದೆ, ಈಗಲೇ ಇಲ್ಲಿ ಒತ್ತಿ ಎಂದು ಅದು ಕೂಗಿಕೊಳ್ಳತೊಡಗಿತು.

"ಅಯ್ಯೋ, ಹೋಗಿ ಹೋಗಿ ತಳ್ಳುಗಾಡಿಯವನ ಹತ್ರ ತಗೊಂಡ್ಬುಟ್ಯಲ್ಲಮ್ಮ!" ಎಂದರು ಮಾವ, ಒಂದಿಷ್ಟೂ ಗಾಬರಿಯಿಲ್ಲದೆ. "ನಮ್ಮ ಅಂಗಡಿ ಮುಂದೇನೂ ಇಂಥೋರು ನಿಲ್ತಿದ್ರು. ಕಂಪನಿ ಹೆಸರ್ನ ಕಂಪನಿಯೋರಿಗಿಂತ ದೊಡ್ಡದಾಗಿ ಬರ್ಕೊಂಡಿರೋರು."

ಆ ಕೆಂಪು ಪಿಶಾಚಿಯನ್ನು ಬಿಡಿಸಲು ಒಂದು ಗಂಟೆ ಬೇಕಾಯಿತು. ಅಷ್ಟರಲ್ಲಿ ಒಳಗಿನಿಂದ ಎರಡು ಸಲ ತಟ್ಟೆಯ ಸದ್ದು. ಮಾವ ಎದ್ದು ಹೋಗಿ ಕಾಫಿ ತಂದರು. ನಾನು ಕುಡಿದದ್ದು ಕಾಫಿಯೋ ನನ್ನ ಕೋಪವೋ ನನಗೇ ಗೊತ್ತಾಗಲಿಲ್ಲ.

ಮುಂದಿನ ಹುಡುಕಾಟಕ್ಕೆ ಮೌಸ್ ಹಿಡಿದವರು ಮಾವ. ಕಂಪನಿಯ ಅಸಲಿ ಪುಟ ಸಿಕ್ಕಿತು. ಮಧ್ಯದಲ್ಲಿ ದೊಡ್ಡದೊಂದು ಬಟನ್. ಒತ್ತಿದರೆ ಎಲ್ಲಿಗೆ ಹೋಗಬೇಕು ಹೇಳಿ? ಮತ್ತೆ ಅದೇ ಆಪ್ ಸ್ಟೋರಿಗೆ!

"ನೋಡಿದ್ರಾ?" ಎಂದು ಗೆದ್ದವಳ ಹಾಗೆ ಕೂಗಿದೆ. "ಕಂಪನಿಯೋರೇ ಅಂಗಡಿಗೆ ಹೋಗಿ ಅಂತಿದ್ದಾರೆ!"

"ವಾಚ್‌ಮನ್ನೂ ಅಂಗೇ ಅಂದಿದ್ದ," ಎಂದು ಮಾವ ಭೂತಗನ್ನಡಿ ಹಿಡಿದು ಪುಟದ ಅಡಿಯವರೆಗೆ ಇಳಿದರು. ಇಳಿದರು, ಇಳಿದರು. ಎಲ್ಲ ಮುಗಿದು ಇನ್ನೇನೂ ಇಲ್ಲ ಎನ್ನುವ ಕಡೆ, ಸಾಸಿವೆಯಷ್ಟು ಅಕ್ಷರದಲ್ಲಿ ಒಂದು ಸಾಲು ಇತ್ತು. ಬೇಕಾದರೆ ನೇರವಾಗಿ ನಮ್ಮಿಂದಲೇ ಪಡೆಯಬಹುದು ಎಂದು. "ಹಿಂದಿನ್ ಗೇಟು!" ಎಂದು ಮಾವ ಮೇಜು ಕುಟ್ಟಿದರು.

ಒತ್ತಿದ್ದಾಯಿತು, ಆಪ್ ಇಳಿಸಿಕೊಂಡದ್ದಾಯಿತು. ತೆರೆಯಲು ಹೋದರೆ ಕಂಪ್ಯೂಟರ್ ತಕರಾರು ತೆಗೆಯಿತು. ಇದು ಸ್ಟೋರಿನಿಂದ ಬಂದದ್ದಲ್ಲ, ಯೋಚಿಸಿ ನೋಡಿ ಎಂಬ ಎಚ್ಚರಿಕೆ. ನಾನು ಹಿಂಜರಿದೆ. ಮಾವ ನಕ್ಕುಬಿಟ್ಟರು. "ಪಕ್ಕದ ಅಂಗಡಿಗೆ ಹೋಗೋ ಗಿರಾಕಿಗೆ ನಾನೂ ಇಂಗೇ ಹೇಳ್ತಿದ್ದೆ. ಅಲ್ಲಿ ಮಾಲು ಸರಿ ಇಲ್ಲ, ಯೋಚ್ನೆ ಮಾಡು ಅಂತ. ಒತ್ತು."

ಒತ್ತಿದೆ. ಪಾಸ್‌ವರ್ಡ್ ಕೊಟ್ಟೆ. ಆಪ್ ಬಂದು ಕೂತಿತು. ನೋಡಿದರೆ ಬೆಳಿಗ್ಗೆ ಹಾಕಿದ್ದರ ತದ್ರೂಪು! ಅದೇ ಬಣ್ಣ, ಅದೇ ಬಟನ್, ಅದೇ ಹಾಡು. ಗಂಟೆ ಹನ್ನೆರಡೂವರೆ. ಒಂದು ಉತ್ತರಪತ್ರಿಕೆಯೂ ಚೀಲದಿಂದ ಹೊರಗೆ ಬಂದಿರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಮಾವ, ಇದರಲ್ಲಿ ಹೊಸದೇನು ಬಂತು, ತೋರಿಸಿ! ನನ್ನ ಇಡೀ ಬೆಳಿಗ್ಗೆ ಹಾಳಾಯ್ತು. ಹಟ ಅಂದ್ರೆ ಹಟ ನಿಮ್ಮದು. ಅತ್ತೆ ಒಬ್ಬರು ಸಹಿಸಿಕೊಂಡಿದ್ದಾರೆ ಅಷ್ಟೆ!"

ಮಾವ ಅಡುಗೆಮನೆಯ ಕಡೆ ಒಮ್ಮೆ ನೋಡಿ, ಜೇಬಿನಿಂದ ಮಡಿಸಿದ ಕಾಗದ ತೆಗೆದು ನನ್ನ ಕೈಗಿಟ್ಟರು. ಕಂಪನಿಯಿಂದ ಬಂದ ಮಿಂಚಂಚೆಯ ಪ್ರಿಂಟ್. ಮಾವ ನೇರವಾಗಿ ಅವರಿಗೇ ಬರೆದು ಕೇಳಿದ್ದರು! ನಮ್ಮ ಸ್ವಂತ ಕಂಪ್ಯೂಟರಿನಲ್ಲಿರುವ ಹಾಡುಗಳನ್ನು ನಿಮ್ಮ ಹಾಡುಗಳ ಸಾಲಿನಲ್ಲಿ ಸೇರಿಸಲು ಆಗುತ್ತದೆಯೇ ಎಂದು. ಆಗುತ್ತದೆ, ಆದರೆ ಸ್ಟೋರಿನಿಂದ ತಂದದ್ದರಲ್ಲಿ ಆ ಸೌಲಭ್ಯವಿಲ್ಲ, ನೇರವಾಗಿ ನಮ್ಮಿಂದ ಪಡೆದದ್ದರಲ್ಲಿ ಮಾತ್ರ ಇದೆ ಎಂದು ಅವರು ಉತ್ತರ ಬರೆದಿದ್ದರು.

"ಇದನ್ನ ಬೆಳಿಗ್ಗೇನೇ ಹೇಳೋಕೆ ಏನಾಗಿತ್ತು?" ನಾನು ಹೆಚ್ಚೂಕಡಿಮೆ ಕಿರುಚಿದೆ.

"ಮೆಲ್ಲಗೆ! ಅವಳಿಗೆ ದನಿ ಹೋಗ್ಯದೆ ಕಣಮ್ಮ, ಕಿವಿ ಹೋಗಿಲ್ಲ."

ಸೆಟ್ಟಿಂಗುಗಳ ಕೆಳಗೆ, ಬೆಳಿಗ್ಗೆ ಇಲ್ಲದಿದ್ದ ಒಂದು ಸಾಲು ಈಗ ನಿಜವಾಗಿಯೂ ಇತ್ತು. ಮಾವ ಅದನ್ನು ಒತ್ತಿ ಒಂದು ಫೋಲ್ಡರ್ ಆರಿಸಿದರು. ಪರದೆಯ ಮೇಲೆ ಸಾಲು ಸಾಲು ಹೆಸರು ಬಂದವು. ಎಲ್ಲದರಲ್ಲೂ ಹಾಡಿದವರ ಹೆಸರಿನ ಜಾಗದಲ್ಲಿ ನಮ್ಮತ್ತೆಯ ಹೆಸರು!

ಅಂಗಡಿಯ ಕಾಲದ ಕ್ಯಾಸೆಟ್ಟುಗಳು. ಅತ್ತೆ ಹಿಂದಿನ ಮನೆಯಲ್ಲಿ ಹಾಡುತ್ತಿದ್ದಾಗ ಮಾವ ನಡುಬಾಗಿಲಲ್ಲಿ, ಅಕ್ಕಿಮೂಟೆಯ ಮೇಲೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದು. ಮೂರು ತಿಂಗಳು ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿಕೊಂಡು ಮಾಡಿದ ನಿದ್ದೆ ಇದೇ. ಹೊರಗೆ ಸದ್ದು ಬಾರದಂತೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಂದೊಂದು ಕ್ಯಾಸೆಟ್ಟನ್ನೂ ತಾವೇ ಕೂತು ಕಂಪ್ಯೂಟರಿಗೆ ಇಳಿಸಿದ್ದರು. ಆ ಕೆಲಸವನ್ನು ಅಂಗಡಿಗೆ ಕೊಡುತ್ತಾರೆಯೇ?

"ಬೇರೆಯಾಗಿ ಹಾಕಿದ್ರೂ ಕೇಳಿಸ್ತಿತ್ತಲ್ಲ ಮಾವ?"

"ಬೇರೆಯಾಗಿ ಯಾಕೆ ಕೂರ್ಬೇಕು ಅವಳು? ದೊಡ್ಡ ದೊಡ್ಡೋರ ಮಧ್ಯದಲ್ಲೇ ಬರ್ಲಿ."

ದೊಡ್ಡ ಗಾಯಕರೊಬ್ಬರ ವಚನ, ಅದರ ಬೆನ್ನಿಗೆ ಅತ್ತೆಯದು, ಆಮೇಲೆ ಇನ್ನೊಬ್ಬ ದೊಡ್ಡವರದು. ಹಾಗೆ ಜೋಡಿಸಿ, ದನಿ ಏರಿಸಿ, ಮಾವ ಕೈಕಟ್ಟಿ ಕೂತರು. ಮೊದಲನೆಯದು ಮುಗಿಯಿತು. ಎರಡನೆಯದು ಶುರುವಾಯಿತು. ಒಳಗೆ ಒಗ್ಗರಣೆಯ ಸದ್ದು ನಿಂತಿತು.

ತಟ್ಟೆಯ ಮೇಲೆ ಸೌಟಿನ ಏಟು ಬಿತ್ತು. ಒಂದು, ಎರಡು. ಕಾಫಿ ಎಂದುಕೊಂಡು ಮಾವ ಅಭ್ಯಾಸಬಲದಿಂದ ಎದ್ದರು. ಮೂರು. ಗಾಬರಿಯಿಂದ ಕೋಣೆಯ ಹೊರಗೆ ಹೆಜ್ಜೆ ಇಟ್ಟರು. ನಾಲ್ಕು, ಐದು, ಆರು. ಮಾವ ನಡುಮನೆಯಲ್ಲೇ ನಿಂತರು. ಅತ್ತೆ ತಾಳ ಹಾಕುತ್ತಿದ್ದರು!

ಅಷ್ಟರಲ್ಲಿ ಹಾಡಿನ ನಡುವೆ, ಎಲ್ಲಿಂದಲೋ ಒಂದು ಒರಟು ಗಂಡುದನಿ ನುಗ್ಗಿತು. "ಲೇ, ಕಾಫಿ ಎಲ್ಲೇ?" ನಮ್ಮ ಮಾವನದೇ, ಗಲ್ಲಾದಿಂದ ಕೂಗಿದ್ದು. ಹಾಡು ತಟ್ಟನೆ ನಿಂತಿತು. ಹಿಂದೆಯೇ, ಮನೆಯೆಲ್ಲ ತುಂಬುವ ಹಾಗೆ, ಅತ್ತೆಯ ದನಿ ಮೊಳಗಿತು.

"ಬಂದೆ ಇರ್ರೀ! ಒಂದು ನಿಮ್ಷಕ್ಕೆ ಪ್ರಾಣ ಹೋಗ್ತದಾ?"

ಆಮೇಲೆ ಒಂದು ನಗು. ಮತ್ತೆ ಹಾಡು, ಬಿಟ್ಟ ಕಡೆಯಿಂದಲೇ.

ಆ ಮನೆಯಲ್ಲಿ ಅತ್ತೆ ಕೂಗಿ ಒಂದು ವರ್ಷವಾಗಿತ್ತು. ತಾಳ ನಿಂತುಹೋಯಿತು. ನನ್ನ ಕಣ್ಣು ಮಂಜಾಯಿತು. ಏನಾದರೂ ಹೇಳಬೇಕಲ್ಲ ಎಂದು, "ಹಾಡಿನ ಮಧ್ಯ ನಿಮ್ಮ ಕೂಗು ಬಂದಿದೆ ಮಾವ, ಅಷ್ಟು ಕತ್ತರಿಸಬಹುದಿತ್ತಲ್ಲ" ಎಂದೆ.

"ಕತ್ರಿಸೋದಾ?" ಮಾವ ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡರು. "ಹಾಡು ಬೇಕಾದಷ್ಟು ಜನ ಹಾಡ್ತಾರಮ್ಮ. ನನ್ನ ಯಾರು ಬಯ್ತಾರೆ?"

ಅತ್ತೆ ಸೌಟು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದರು. ಮಾವನನ್ನೇ ಸ್ವಲ್ಪ ಹೊತ್ತು ನೋಡಿದರು. ತುಟಿ ಅಲುಗಿತು. ಕೇಳಿಸಲಿಲ್ಲ. ಮಾವ ಹತ್ತಿರ ಹೋಗಿ ಕಿವಿ ಕೊಟ್ಟರು, ಕೇಳಿಸಿಕೊಂಡರು, ನನ್ನ ಕಡೆ ತಿರುಗಿದರು.

"ಇನ್ನೊಂದ್ಸಲ ಹಾಕ್ಬೇಕಂತೆ," ಎಂದರು. "ಮೊದ್ಲಿಂದ ಬ್ಯಾಡ್ವಂತೆ. ಕಾಫಿ ಕೇಳಿದ ಜಾಗದಿಂದ."