ತೋಳಿನೊಳಗಿನ ಗಾಳ

ಟಿಕ್.

ರಾತ್ರಿ ಹನ್ನೊಂದೂಮುಕ್ಕಾಲಿಗೆ ಗ್ಯಾರೇಜಿನಲ್ಲಿ ಆದ ಸದ್ದು ಇಷ್ಟೇ, ಇಲಿಯೊಂದು ಕಾಳು ಕಡಿದ ಹಾಗೆ. ಮನೆಯಲ್ಲಿ ಯಾರಿಗೂ ಎಚ್ಚರವಾಗಲಿಲ್ಲ. ಲೊವೆಲ್‌ಗೆ ಮಾತ್ರ ತನ್ನ ಬೆನ್ನುಮೂಳೆಯೇ ಮುರಿದಂತಾಯಿತು. ಆಗಷ್ಟೇ ಮುಚ್ಚಿದ ವ್ಯಾನಿನ ಬಾಗಿಲ ಮೇಲಿಟ್ಟ ಕೈಯನ್ನು ತೆಗೆಯದೆ ಅವನು ಹಾಗೇ ನಿಂತ. ಬಾಗಿಲು ತೆರೆದರೆ ನೋಡಬೇಕಾಗುತ್ತದೆ. ತೆರೆಯದಿದ್ದರೆ ಇನ್ನೂ ಏನೂ ಆಗಿಲ್ಲ.

ಕೊನೆಗೆ ತೆರೆದ. ಮಾವನ ಗಾಳದ ಕೋಲಿನ ತುದಿ, ನಾಲ್ಕು ಬೆರಳಿನಷ್ಟು, ಕತ್ತು ಮುರಿದ ಕೋಳಿಯ ಹಾಗೆ ದಾರದಲ್ಲಿ ಜೋತುಬಿದ್ದಿತ್ತು.

ಬೆಳಗಿನ ಗಡಿಬಿಡಿಯಲ್ಲಿ ಕೋಲು ಮರೆತುಹೋಗಬಾರದೆಂದು ಈಗಲೇ ವ್ಯಾನಿನಲ್ಲಿಡಲು ಬಂದಿದ್ದ. ಲೊವೆಲ್ ಮಾಡುವ ಹಾನಿಯೆಲ್ಲ ಹೀಗೆ ಒಳ್ಳೆಯ ಉದ್ದೇಶದಿಂದಲೇ ಶುರುವಾಗುವುದು.

ಮಾವ ಎಮಿಲ್ ತೀರಿಕೊಂಡದ್ದು ಮೇ ತಿಂಗಳಲ್ಲಿ. ಊರಿನ ಮೊಣಕಾಲು ಕೆರೆ ಹೆಪ್ಪುಗಟ್ಟಿದ ನಲವತ್ತು ಚಳಿಗಾಲ ಅವನು ಮಂಜುಗಡ್ಡೆಗೆ ತೂತು ಕೊರೆದು ಇದೇ ಹಸಿರು ಕೋಲಿನಲ್ಲಿ ಬ್ಲೂಗಿಲ್ ಹಿಡಿದಿದ್ದ. ಅಂಗೈಯಗಲದ, ಬಾಣಲೆಗೆ ಹೇಳಿ ಮಾಡಿಸಿದಂಥ ಮೀನು. ಅವನು ಹೋದ ಮೇಲೆ ಅತ್ತೆ ಲವೋನ್ ಕಿಟಕಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತವಳು ಅಂಚೆಡಬ್ಬಿಯ ಆಚೆ ಕಾಲಿಟ್ಟಿರಲಿಲ್ಲ. ಈ ಸಲದ ಬ್ಲೂಗಿಲ್ ಪಂದ್ಯವನ್ನು ಅಗ್ನಿಶಾಮಕ ದಳದವರು ಎಮಿಲ್‌ನ ಹೆಸರಿನಲ್ಲಿ ಇಟ್ಟಾಗ, ಎಂಟು ತಿಂಗಳಲ್ಲಿ ಮೊದಲ ಬಾರಿ ಅವಳು ತಾನಾಗಿ ಬಾಯಿ ತೆರೆದಿದ್ದಳು. "ಎಮಿಲ್ ಕೋಲು ಕೊಡೋದಾದ್ರೆ ಬರ್ತೀನಿ."

ಹೆಂಡತಿ ರೊಂಡಾ ಸಂತೋಷಕ್ಕೆ ಬಚ್ಚಲುಮನೆಗೆ ಹೋಗಿ ಅತ್ತು ಬಂದಿದ್ದಳು. ಬಂದವಳು ಗಂಡನಿಗೆ ಹೇಳಿದ್ದು ಒಂದೇ ಮಾತು. "ಆ ಕೋಲಿನ ಹತ್ರ ನೀನು ಹೋಗ್ಬೇಡ. ಅದಕ್ಕೇನಾದ್ರೂ ಆದ್ರೆ ಅಮ್ಮ ಮತ್ತೆ ಆ ಕಿಟಕಿ ಮುಂದೆ ಕೂತ್ಕೋತಾಳೆ. ಆಮೇಲೆ ಏಳೋದಿಲ್ಲ."

ಕಾಗದದ ಕಾರ್ಖಾನೆ ಮುಚ್ಚಿದಾಗಿನಿಂದ ಲೊವೆಲ್ ಮನೆಯಳಿಯ. ಮನೆಯಳಿಯನೆಂದರೆ ಬೆಕ್ಕಿಗಿಂತ ಒಂದು ಮೆಟ್ಟಿಲು ಕೆಳಗೆ. ಬೆಕ್ಕು ಕಡೇಪಕ್ಷ ಇಲಿಯನ್ನಾದರೂ ಹಿಡಿಯುತ್ತದೆ. ಲೊವೆಲ್ ನಾಲ್ಕು ಚಳಿಗಾಲ ಮಾವನ ಪಕ್ಕದಲ್ಲಿ ಬಕೆಟ್ಟು ಬೋರಲು ಹಾಕಿಕೊಂಡು ಕೂತಿದ್ದರೂ ಒಂದು ಬ್ಲೂಗಿಲ್ಲನ್ನೂ ಹಿಡಿದಿರಲಿಲ್ಲ. "ಇವನ ಗಾಳಕ್ಕೆ ಮೀನು ಬಂದ್ರೆ, ದಾರಿ ತಪ್ಪಿ ಬಂದೆ ಅಂತ ಹೇಳೋಕೆ ಬರಬೇಕು," ಎನ್ನುತ್ತಿದ್ದ ಎಮಿಲ್. ಜನ ನಗುತ್ತಿದ್ದರು. ಲೊವೆಲ್ ಕೂಡ ನಗುತ್ತಿದ್ದ. ನಗದಿದ್ದರೆ ಬೇಜಾರಾಯಿತೇ ಎಂದು ಕೇಳುತ್ತಾರೆಂಬ ಭಯ.

ಬೆಳಗ್ಗೆ ಐದೂವರೆಗೆ, "ಗಾಳಕ್ಕೆ ಹುಳ ತರ್ತೀನಿ" ಎಂದು ಹೇಳಿ ಹೊರಟ. ಮುರಿದ ಕೋಲು ಸೀಟಿನ ಕೆಳಗಿತ್ತು. ಹೊರಗೆ ಸೊನ್ನೆಗಿಂತ ಇಪ್ಪತ್ತು ಕೆಳಗೆ. ಮೂಗಿನ ಕೂದಲೂ ಗಾಜಿನ ಚೂರಾಗುವ ಚಳಿ.

ವರ್ಜಿಲ್‌ನ ಹುಳದ ಅಂಗಡಿಯಲ್ಲಿ ಹುಳವೂ ಕಾಫಿಯೂ ಒಂದೇ ಮೂಲೆಯಲ್ಲಿ ಸಿಗುತ್ತವೆ, ಹೆಚ್ಚುಕಡಿಮೆ ಒಂದೇ ವಾಸನೆ. ವರ್ಜಿಲ್ ಗಲ್ಲಾದ ಹಿಂದೆ ಇದ್ದ. ನಿವೃತ್ತ ಅಂಚೆಯವನಾದ ಕರ್ಟಿಸ್ ಎಂದಿನಂತೆ ಒಲೆಯ ಪಕ್ಕದಲ್ಲಿದ್ದ.

"ಒಂದು ಕೋಲು ಬೇಕಿತ್ತು. ಬ್ಲೂಗಿಲ್‌ಗೆ," ಎಂದ ಲೊವೆಲ್.

"ಯಾರಿಗೆ?"

"ನನಗೇ."

ಸಾವಿನ ಸುದ್ದಿ ಕೇಳಿದವರ ಹಾಗೆ ಇಬ್ಬರೂ ಟೋಪಿ ತೆಗೆದರು.

"ನಿನಗೆ ಉದ್ದದ್ದು ಬೇಕು," ಎಂದ ಕರ್ಟಿಸ್. "ಮೀನಿಗೂ ನಿನಗೂ ಎಷ್ಟು ದೂರ ಇದ್ರೆ ಅಷ್ಟು ಒಳ್ಳೇದು."

"ಉದ್ದದ್ದು ಟೆಂಟಿನೊಳಗೆ ಬಟ್ಟೆಗೆ ತಾಗತ್ತೆ ಕರ್ಟಿಸ್. ಗಿಡ್ಡದ್ದೇ ಸರಿ. ಗಟ್ಟೀದು ಬೇಕೋ, ಮೆತ್ತಂದು ಬೇಕೋ?"

"ಗಟ್ಟೀದು ಕೊಡು. ಇವನು ಹೇಗೂ ಮುರೀತಾನೆ."

ವರ್ಜಿಲ್ ಒಂದೊಂದಾಗಿ ಕೋಲು ತೆಗೆದಿಟ್ಟ. ಕಪ್ಪು, ಕಿತ್ತಳೆ, ರೀಲು ಇರುವುದು, ತುದಿಗೆ ಸ್ಪ್ರಿಂಗು ಇರುವುದು. ಎಲ್ಲವೂ ಚೆನ್ನಾಗಿದ್ದವು, ಒಂದೂ ಹಸಿರಿರಲಿಲ್ಲ. "ಹಸಿರು ಇದ್ಯಾ? ಇಪ್ಪತ್ತಾರು ಇಂಚು. ರೀಲಿಲ್ಲದ್ದು. ಬೆಂಡಿನ ಹಿಡಿ."

"ಅದು ಎಮಿಲ್‌ನ ಕೋಲಿನ ಥರದ್ದಲ್ವಾ?" ಎಂದ ಕರ್ಟಿಸ್.

"ಹೌದಾ? ನಾನು ಗಮನಿಸಿರಲಿಲ್ಲ."

ಕರ್ಟಿಸ್ ಕಾಫಿ ಗುಟುಕರಿಸಿದ. "ಬೇರೆ ಥರ ಇದೆ," ಎಂದ.

ಆ ಊರಿನಲ್ಲಿ ಯಾರೂ ಯಾವುದನ್ನೂ ಕೆಟ್ಟದಾಗಿದೆ, ಸುಳ್ಳು, ಹುಚ್ಚು ಎಂದು ಬಯ್ಯುವುದಿಲ್ಲ. ಬೇರೆ ಥರ ಇದೆ ಎನ್ನುತ್ತಾರೆ. ಇದಕ್ಕಿಂತ ದೊಡ್ಡ ಬೈಗುಳ ಅವರಲ್ಲಿಲ್ಲ.

ವರ್ಜಿಲ್ ಒಳಗಿನ ಕೋಣೆಗೆ ಹೋಗಿ, ದೂಳು ಒರೆಸುತ್ತ ಒಂದು ಹಸಿರು ಕೋಲು ತಂದ. ಇಪ್ಪತ್ತು ವರ್ಷದ ಹಿಂದಿನ ಸರಕು, ಉಳಿದದ್ದು ಅದೊಂದೇ. ಅದರ ತುದಿಯನ್ನು ಲೊವೆಲ್‌ನ ಕೆಳತುಟಿಗೆ ತಾಗಿಸಿದ. "ಹಿಡಿ ಹಿಡ್ಕೊಂಡು ಉಸಿರು ಬಿಡು. ಬ್ಲೂಗಿಲ್ ಕಚ್ಚೋದಿಲ್ಲ ಲೊವೆಲ್. ಹುಳಾನ ಉಸಿರಿನ ಜೊತೆ ಒಳಗೆ ಎಳ್ಕೊಳ್ಳತ್ತೆ. ಆ ಉಸಿರು ಕೈಗೆ ಗೊತ್ತಾದ್ರೆ ಅದು ನಿನ್ನ ಕೋಲು."

ಲೊವೆಲ್ ಉಸಿರು ಬಿಟ್ಟ. ಅಂಗೈಯಲ್ಲಿ ಏನೋ ಮೆಲ್ಲಗೆ ಮಿಡಿಯಿತು. ನಲವತ್ತಾರು ವರ್ಷದಲ್ಲಿ ಯಾವ ಸಾಮಾನೂ ಅವನ ಕೈಯಲ್ಲಿ ಹಾಗೆ ಜೀವ ತಳೆದಿರಲಿಲ್ಲ. ಒಂದು ಕ್ಷಣ ಅತ್ತೆಯನ್ನೂ ಮರೆತ.

ಇನ್ನು ಹೊಸ ಕೋಲಿಗೆ ಎಮಿಲ್‌ನ ಕೋಲಿನ ವೇಷ ಹಾಕಿಸುವ ಕೆಲಸ. ಅಂಗಡಿಯ ಹಿಂದೆ ವ್ಯಾನ್ ನಿಲ್ಲಿಸಿ, ಹೀಟರ್ ಹಾಕಿ ಕೂತ. ದಾರ ಸುತ್ತಲು ಬೆಂಡಿಗೆ ಎರಡು ಮೊಳೆ ಹೊಡೆದ. ಹೊಸ ದಾರ ಸುತ್ತಿದ. ಎಮಿಲ್ ಹಿಡಿದಿದ್ದ ಅತಿ ದೊಡ್ಡ ಬ್ಲೂಗಿಲ್ ಹತ್ತೂಕಾಲು ಇಂಚು. ಹಿಡಿಯ ಬುಡದಿಂದ ಅಷ್ಟು ಅಳೆದು ಕೋಲಿಗೆ ಕೆಂಪು ದಾರ ಕಟ್ಟಿಕೊಂಡಿದ್ದ, ಪಂದ್ಯದಲ್ಲಿ ಒಂಬತ್ತು ವರ್ಷದಿಂದ ಅದನ್ನು ಯಾರೂ ದಾಟಿರಲಿಲ್ಲ. ಲೊವೆಲ್ ತನ್ನ ಕೈಗವಸಿನಿಂದ ಕೆಂಪು ನೂಲು ಎಳೆದು ಅಲ್ಲಿಗೇ ಕಟ್ಟಿದ. ಕಾಫಿ ಗಸಿ ತಿಕ್ಕಿ ಬೆಂಡಿಗೆ ವಯಸ್ಸಾಗಿಸಿದ.

ಉಳಿದದ್ದು ಹಲ್ಲಿನ ಗುರುತು. ಮೀನು ಬಿಡಿಸುವಾಗ ಎಮಿಲ್ ಕೋಲನ್ನು ಬಾಯಲ್ಲಿ ಕಚ್ಚಿಕೊಳ್ಳುತ್ತಿದ್ದ. ಬೆಂಡಿನ ಮೇಲೆ ನಾಲ್ಕು, ಕೆಳಗೆ ಮೂರು, ನಡುವೆ ಒಂದು ಖಾಲಿ. ಲವೋನ್ ಆ ಗುರುತಿನ ಮೇಲೆ ಹೆಬ್ಬೆರಳಾಡಿಸುವುದನ್ನು ಲೊವೆಲ್ ನೋಡಿದ್ದ. ಅವನು ಹಳೆಯದನ್ನು ಮಡಿಲಲ್ಲಿಟ್ಟುಕೊಂಡು, ಹೊಸದನ್ನು ಓರೆಯಾಗಿ ಬಾಯಿಗೆ ತುರುಕಿ, ಸತ್ತ ಮಾವನ ಹಲ್ಲಿನ ಲೆಕ್ಕದಲ್ಲಿ ಕಚ್ಚತೊಡಗಿದ.

ಟಕಟಕ ಎಂದು ಗಾಜು ಬಡಿದ ಸದ್ದಾಯಿತು.

ಅಂಗಡಿಯ ಪಕ್ಕದ ಮನೆಯ ಡೋರೀನ್. ಪಂದ್ಯದ ಕರಿಹಲಗೆಯ ಅಧಿಕಾರ ಅವಳದು. ಯಾರೇ ಮೀನು ತಂದರೂ ಹೆಸರು, ಇಂಚು, ಯಾವ ಕೋಲು, ಯಾವ ಹುಳ ಎಂದು ಕೇಳಿ, ಕೋಲನ್ನು ಕಣ್ಣಾರೆ ನೋಡಿಯೇ ಬರೆಯುವವಳು. ಲೊವೆಲ್ ಗಾಬರಿಯಲ್ಲಿ ಮುರಿದ ಕೋಲನ್ನು ಎಡಗೈ ಕೋಟಿನ ತೋಳಿನೊಳಗೆ ಭುಜದವರೆಗೂ ನೂಕಿಕೊಂಡ. ಗಾಳದ ಮೊನೆ ಕೋಟಿನ ಒಳಪದರಕ್ಕೆ ಸಿಕ್ಕಿಕೊಂಡು, ಹಾಗೇ ಸ್ವಲ್ಪ ಲೊವೆಲ್‌ಗೂ ಸಿಕ್ಕಿಕೊಂಡಿತು.

"ತಿಂಡಿ ಆಗಿಲ್ವಾ ಲೊವೆಲ್?" ಎಂದಳು ಡೋರೀನ್, ಅವನ ಬಾಯಲ್ಲಿದ್ದ ಕೋಲನ್ನು ನೋಡುತ್ತ.

"ಹಿಡಿ ಗಟ್ಟಿ ಇದ್ಯಾ ಅಂತ ನೋಡ್ತಿದ್ದೆ."

"ಬೇರೆ ಥರ ಇದೆ," ಎಂದು ಅವಳು ಬಾಗಿಲು ತೆಗೆದು ಪಕ್ಕದಲ್ಲಿ ಕೂತಳು. "ನನ್ನ ಗಾಡಿ ಚಳಿಗೆ ಸ್ಟಾರ್ಟ್ ಆಗ್ತಿಲ್ಲ. ನಿಮ್ಮ ಜೊತೇಲೇ ಬರ್ತೀನಿ."

ಹೀಗೆ ಕೋಲು ತೋಳಿನಲ್ಲೇ ಉಳಿಯಿತು. ಮೊಣಕೈ ಮಡಚುವಂತಿಲ್ಲ, ಲೊವೆಲ್ ಒಂದೇ ಕೈಯಲ್ಲಿ ವ್ಯಾನ್ ಓಡಿಸಿದ. ಮನೆಯಿಂದ ಹೆಂಡತಿಯನ್ನೂ ಅತ್ತೆಯನ್ನೂ ಹತ್ತಿಸಿಕೊಂಡ. ಲವೋನ್ ಎಮಿಲ್‌ನ ಕೋಟನ್ನೇ ತೊಟ್ಟಿದ್ದಳು. ಅದರೊಳಗೆ ಅವಳು ಖಾಲಿ ಮನೆಯಲ್ಲಿ ಉಳಿದ ಒಂದೇ ಸಾಮಾನಿನಂತೆ ಕಾಣುತ್ತಿದ್ದಳು. ಹೊಸ ಕೋಲನ್ನು ಕೈಗೆ ತೆಗೆದುಕೊಂಡಳು. ಹೆಬ್ಬೆರಳು ಬೆಂಡಿನ ಮೇಲೆ ಹೋಯಿತು. ಮೇಲೆ ನಾಲ್ಕು, ಕೆಳಗೆ ಮೂರು. ಲೊವೆಲ್ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದ.

"ಹ್ಞೂಂ," ಎಂದು ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಕೆರೆಯ ಮೇಲೆ ಆಕಾಶ ತೊಳೆಯದ ಪಾತ್ರೆಯ ಬಣ್ಣಕ್ಕಿತ್ತು. ಮಂಜುಗಡ್ಡೆ ಕೊರೆಯುವ ಬೈರಿಗೆಗಳ ಗುರ್ರೆಂಬ ಸದ್ದು. ಕರ್ಟಿಸ್ ಬಂದು ಲವೋನ್‌ಗೆ ತೂತು ಕೊರೆದುಕೊಟ್ಟ. ಕೋಲನ್ನು ನೋಡಿದ. ಲೊವೆಲ್‌ನನ್ನು ನೋಡಿದ. ಬೈರಿಗೆ ಹೆಗಲಿಗೇರಿಸಿ ನಡೆದ. ಆ ಊರಿನ ಮರ್ಯಾದೆ ಎಂದರೆ ಎಲ್ಲ ತಿಳಿದುಕೊಂಡು ಏನೂ ಹೇಳದಿರುವುದು. ಹೇಳುವುದಕ್ಕೆ ಚಳಿಗಾಲ ಇನ್ನೂ ಉದ್ದಕ್ಕಿದೆ.

ಡೋರೀನ್ ಮಾತ್ರ ಸುಮ್ಮನಿರಲಿಲ್ಲ. "ಬೆಳಗ್ಗಿಂದ ನೋಡ್ತಿದೀನಿ, ಎಡಗೈ ಯಾಕೆ ಹಾಗೆ ಮರದ ಕೊರಡಾಗಿದೆ?"

"ಏನಿಲ್ಲ, ಚಳಿ."

"ಎದೇಲೂ ಹಿಡ್ಕೊಂಡಂಗಿದ್ಯಾ?"

"ಇಲ್ಲ ಡೋರೀನ್." ಅಷ್ಟರಲ್ಲಿ ಗಾಳ ಚುಚ್ಚಿ ಅವನ ಮುಖ ಕಿವುಚಿಕೊಂಡಿತು.

ಅವಳು ಅಗ್ನಿಶಾಮಕ ದಳದ ದಢೂತಿ ಮನುಷ್ಯನೊಬ್ಬನನ್ನು ಔಷಧಿ ಪೆಟ್ಟಿಗೆಯ ಸಮೇತ ಕರೆತಂದಳು. "ಕೋಟು ತೆಗೀರಿ, ರಕ್ತದೊತ್ತಡ ನೋಡ್ಬೇಕು," ಎಂದ ಅವನು.

"ಬೇಡ."

"ನೋಡಿಬಿಡೋಣ."

"ನಿಜವಾಗ್ಲೂ ಬೇಡ."

ಆ ಸೀಮೆಯಲ್ಲಿ ಯಾರೇ ಕಾಫಿ ಕೊಟ್ಟರೂ ಎರಡು ಸಲ ಬೇಡ ಎಂದು, ಮೂರನೆಯ ಸಲ ಸರಿ ಎನ್ನುವುದು ಕ್ರಮ. ಹಾಗಾಗಿ ಲೊವೆಲ್ ಎರಡು ಸಲ ಬೇಡ ಎಂದದ್ದನ್ನು ಎಲ್ಲರೂ ಒಪ್ಪಿಗೆಯೆಂದೇ ತಿಳಿದರು. ರೊಂಡಾ ಅಳುಮುಖ ಮಾಡಿಕೊಂಡು ಅವನ ಕೋಟಿನ ಜಿಪ್ಪಿಗೆ ಕೈ ಹಾಕಿದಳು. "ಅಪ್ಪನೂ ಹೀಗೇ ಏನಿಲ್ಲ ಏನಿಲ್ಲ ಅಂತಿದ್ದ."

"ಬಂತು," ಎಂದಿತು ಒಂದು ದನಿ.

ಎಲ್ಲರೂ ತಿರುಗಿದರು. ಲವೋನ್ ತೂತಿನಿಂದ ಒಂದು ಬ್ಲೂಗಿಲ್ ಎಳೆದಿದ್ದಳು. ಕೋಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎಮಿಲ್ ಬಿಡಿಸುತ್ತಿದ್ದ ಹಾಗೆಯೇ ಮೀನು ಬಿಡಿಸಿದಳು. ಎಂಟು ತಿಂಗಳ ಮೇಲೆ ಅವಳ ಮುಖದಲ್ಲಿ ಏನೋ ಒಂದು ಅಲುಗಿತು. ಜನ ಅವಳ ಸುತ್ತ ಸೇರಿದರು, ಲೊವೆಲ್‌ನ ಹೃದಯವನ್ನು ಮರೆತರು.

ಅವಳು ಇನ್ನೂ ಐದು ಹಿಡಿದಳು. ಪಂದ್ಯ ಮುಗಿಯಲು ಕಾಲುಗಂಟೆ ಇದೆಯೆನ್ನುವಾಗ, "ಲೊವೆಲ್, ಇಲ್ಲಿ ಬಾ," ಎಂದು ಪಕ್ಕದಲ್ಲಿ ಮಂಜುಗಡ್ಡೆಯ ಮೇಲೆ ಹಾಕಿದ್ದ ಎಮಿಲ್‌ನ ಪುಟ್ಟ ಟೆಂಟಿನೊಳಗೆ ಕರೆದಳು. ಒಳಗೆ ಇನ್ನೊಂದು ತೂತು, ಸಣ್ಣ ಗ್ಯಾಸ್ ಒಲೆ. ಅವಳು ಜೇಬಿನಿಂದ ಮುಷ್ಟಿಯಷ್ಟು ದೊಡ್ಡ ಸೀಸದ ಗುಂಡು ತೆಗೆದು ಕೋಲಿಗೆ ಕಟ್ಟತೊಡಗಿದಳು.

"ಏನಮ್ಮ ಇದು?"

"ಆಸ್ಪತ್ರೇಲಿ ಎಮಿಲ್ ಮಾತು ತಗೊಂಡಿದ್ದ. ಕೋಲಲ್ಲಿ ಕೊನೇದಾಗಿ ಮೀನು ಹಿಡಿ, ಆಮೇಲೆ ಮುರಿದು ಕೆರೆಗೆ ಬಿಡು ಅಂತ."

"ಮುರಿದು?"

"ಇಲ್ದಿದ್ರೆ ಅದು ನಿನ್ನ ಕೈಗೆ ಬರತ್ತಂತೆ. ಲೊವೆಲ್ ಹೇಗೂ ಮುರೀತಾನೆ, ನೀನೇ ಮರ್ಯಾದೆಯಾಗಿ ಮುರಿ ಅಂದ. ಬೇಜಾರು ಮಾಡ್ಕೋಬೇಡ, ಜ್ವರದಲ್ಲಿ ಹೇಳಿದ್ದು."

ಅವಳು ಕೋಲನ್ನು ಮೊಣಕಾಲಿಗೆ ಒತ್ತಿದಳು. ಟಿಕ್. ಅದೇ ಸದ್ದು. ಹಸಿರು ಕೋಲು, ಉಸಿರಾಡುತ್ತಿದ್ದ ಆ ಕೋಲು, ಎರಡು ತುಂಡಾಗಿ ಕಪ್ಪು ನೀರಿನೊಳಗೆ ಇಳಿದುಹೋಯಿತು.

"ಎಂಟು ತಿಂಗಳಿಂದ ಇದೊಂದು ಎದೆ ಮೇಲೆ ಕೂತಿತ್ತು," ಎಂದಳು ಲವೋನ್. "ಈವತ್ತು ನಿದ್ದೆ ಬರತ್ತೆ. ನಾಳೆ ಆ ಕುರ್ಚಿ ಕಿಟಕಿಯಿಂದ ತೆಗೆದುಬಿಡು." ಎದ್ದು ಹೊರಗೆ ಹೋದಳು.

ಲೊವೆಲ್ ಕೋಟು ಬಿಚ್ಚಿ, ಒಳಪದರ ಹರಿದು, ನಿಜವಾದ ಕೋಲನ್ನು ಹೊರತೆಗೆದ. ಸತ್ತವನ ಮಾತು ನಡೆಯಬೇಕಾದರೆ ಹೋಗಬೇಕಾದದ್ದು ಇದು. ತೂತಿಗೆ ಬಿಟ್ಟ. ಗಾಳ ದಾರ ಬಿಚ್ಚಿಕೊಳ್ಳುತ್ತ ಕೆಳಗಿಳಿಯಿತು. ಬೆಂಡಿನ ಹಿಡಿ ಮಾತ್ರ ಮುಳುಗಲಿಲ್ಲ. ತೂತಿನ ನಡುವೆ ನಿಂತು, ಹಲ್ಲಿನ ಗುರುತು ತೋರಿಸುತ್ತ ಮೆಲ್ಲಗೆ ತಿರುಗಿತು. ಲೊವೆಲ್ ಅದನ್ನು ಒಳಗೆ ಒತ್ತಿದ. ಮತ್ತೆ ಮೇಲೆ ಬಂತು. ಮೂರನೆಯ ಸಲ ಒತ್ತಿದಾಗ ಅಂಗೈಯಲ್ಲಿ ಏನೋ ಮಿಡಿಯಿತು. ಒಂದು ಉಸಿರಿನಷ್ಟು.

ಅವನು ಯೋಚಿಸದೆ ದಾರ ಹಿಡಿದು ಎಳೆದ. ಕಪ್ಪು ನೀರು ಉಬ್ಬಿತು. ತೂತಿನ ಅಂಚು ಸವರಿಕೊಂಡು ಒಂದು ಬ್ಲೂಗಿಲ್ ಮೇಲೆ ಬಂತು. ತಟ್ಟೆಯಷ್ಟಗಲ, ಎದೆಯೆಲ್ಲ ತಾಮ್ರ. ಗಾಳದಲ್ಲಿ ಹುಳವೇ ಇರಲಿಲ್ಲ; ಲೊವೆಲ್‌ನ ಕೋಟಿನ ಒಂದೆಳೆ ನೂಲಿತ್ತು, ಅಷ್ಟೇ. ಮೀನನ್ನು ಮುರಿದ ಕೋಲಿನ ಪಕ್ಕ ಮಲಗಿಸಿದ. ಬಾಲ ಎಮಿಲ್‌ನ ಕೆಂಪು ದಾರವನ್ನು ದಾಟಿ ಇನ್ನೂ ಒಂದು ಹೆಬ್ಬೆರಳಿನಷ್ಟು ಆಚೆ ಚಾಚಿತ್ತು.

ಹೊರಗೆ ಡೋರೀನ್ ಕೂಗುತ್ತಿದ್ದಳು. "ಇನ್ನೈದು ನಿಮಿಷ. ಮೀನು ಇದ್ದೋರು ತನ್ನಿ, ಕೋಲೂ ತನ್ನಿ."

ಲೊವೆಲ್ ಮೀನನ್ನು ನೋಡಿದ. ಮೀನು ಅವನನ್ನು ನೋಡಿತು. ದಾರಿ ತಪ್ಪಿ ಬಂದೆ ಎಂದು ಹೇಳುವ ಹಾಗೆ ಬಾಯಿ ತೆರೆದು ಮುಚ್ಚಿತು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ನೀರಿಗೆ ತಂದು, ಬೆರಳು ಸಡಿಲಿಸಿದ. ನಂತರ ಒದ್ದೆ ಕೋಲನ್ನು ಒರೆಸಿ, ಮತ್ತೆ ಎಡಗೈ ತೋಳಿನೊಳಗೆ ನೂಕಿಕೊಂಡ. ಗಾಳ ಹಳೆಯ ಜಾಗವನ್ನೇ ಹುಡುಕಿಕೊಂಡು ಚುಚ್ಚಿತು.

ಟೆಂಟಿನ ಬಟ್ಟೆ ಸರಿಸಿ ಲವೋನ್ ಇಣುಕಿದಳು. "ಏನಾದ್ರೂ ಬಿತ್ತಾ?"

ಲೊವೆಲ್‌ಗೆ ಅವಳ ಮುಖ ಕಂಡಿತು. ಚಳಿಗೆ ಕೆಂಪಾಗಿತ್ತು, ನಿದ್ದೆ ಬಂದ ಮಗುವಿನಂತಿತ್ತು. ಅದೇ ಕ್ಷಣ ಅವನು ತೀರ್ಮಾನಿಸಿದ: ರೊಂಡಾಗೂ ಹೇಳುವುದಿಲ್ಲ, ವರ್ಜಿಲ್‌ಗೂ ಇಲ್ಲ, ಸಾಯುವಾಗಲೂ ಯಾರಿಗೂ ಇಲ್ಲ.

"ಇಲ್ಲಮ್ಮ," ಎಂದ. "ನನ್ನ ಗಾಳಕ್ಕೆ ಯಾವ ಮೀನು ಬರತ್ತೆ."